ಗೆಟ್ ಬಾಯಮ್ಮನ ಬೋರ್ಡು

ಇದೆಲ್ಲ ಹೀಗೆಯೇ ನಡೆಯಿತೆಂದು ನಾನು ಪ್ರಮಾಣ ಮಾಡಲಾರೆ. ಅಂದು ಮೆಟ್ಟಿಲು ಹತ್ತಿದ್ದು ಅಮ್ಮ ಒಬ್ಬಳೆಯೋ, ಹಿಂದೆ ನಾನೂ ಇದ್ದೆನೋ; ಟೀಚರ್ ಬಾಯಮ್ಮ ಉತ್ತರ ಕೊಟ್ಟರೋ, ಇಲ್ಲ ಆ ಉತ್ತರವನ್ನು ವರ್ಷಗಳ ಮೇಲೆ ನಾನೇ ಕಟ್ಟಿಕೊಂಡೆನೋ... ಮನೆಯಲ್ಲಿ ಮತ್ತೆ ಮತ್ತೆ ಕೇಳಿದ ಕತೆ ಕೊನೆಗೆ ಕಣ್ಣಾರೆ ಕಂಡದ್ದೇ ಆಗಿಬಿಡುತ್ತದೆ. ವಿಶ್ವವಿದ್ಯಾಲಯದಲ್ಲಿ ಸಾಕ್ಷ್ಯವನ್ನು ಅನುಮಾನಿಸಲು ಕಲಿಸಿದರು. ನನ್ನದೇ ತಲೆಯೊಳಗಿನ ಸಾಕ್ಷಿಯನ್ನು ಎಂತ ಮಾಡಬೇಕೆಂದು ಯಾರೂ ಹೇಳಲಿಲ್ಲ.

ನೆನಪು ಎದ್ದದ್ದು ಮಗಳ ಇಂಗ್ಲಿಷ್ ಉತ್ತರಪತ್ರಿಕೆಯಿಂದ. ಮಣಿಪಾಲದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಅದು ಬಿದ್ದಿತ್ತು. 'ಗೆಟ್' ಎಂದು ಬಂದಲ್ಲೆಲ್ಲ ಕೆಂಪು ಗೀಟು. ಪಕ್ಕದಲ್ಲಿ ಬದಲಿ ಶಬ್ದಗಳು: ಅಬ್ಟೇನ್, ರಿಸೀವ್, ಬಿಕಮ್, ಅರೈವ್. ಕೆಳಗೆ ಒಂದು ಉಪದೇಶ, ಈ ಸೋಮಾರಿ ಶಬ್ದವನ್ನು ಬಿಡು ಎಂದು.

"ಇಷ್ಟು ಚಿಕ್ಕ ಶಬ್ದದ ಮೇಲೆ ಇವರಿಗೆಂತ ಪಪ್ಪ ಇಷ್ಟು ಸಿಟ್ಟು?" ಎಂದಳು ಮಗಳು.

ನನಗೆ ಆಗ ಹೊಸ ನೈಲಾನ್ ಬಲೆಯ ವಾಸನೆ ಬಂದ ಹಾಗಾಯಿತು.

ಕಾಪುವಿನಲ್ಲಿ ಬ್ಯಾರಿ ಮುಸ್ಲಿಮರೊಬ್ಬರ ಮೀನುಬಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಯಮ್ಮನ ಟ್ಯೂಷನ್ ನಡೆಯುತ್ತಿತ್ತು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ. ಇವರು ಟೀಚರ್ ಆಗಿದ್ದರಿಂದ ಟೀಚರ್ ಬಾಯಮ್ಮ. ಮಸ್ಕತ್ತಿನ ಆಸ್ಪತ್ರೆಯೊಂದರ ರಿಸೆಪ್ಶನ್ನಿನಲ್ಲಿ ಹಲವು ವರ್ಷ ದುಡಿದು ಬಂದವರು. ಮದುವೆಯಾಗಿರಲಿಲ್ಲ. ಗಲ್ಫಿಗೆ ಹೊರಟ ಹುಡುಗರು, ವಿದೇಶಕ್ಕೆ ಹೋಗಲು ಇಂಗ್ಲಿಷ್ ಪರೀಕ್ಷೆಗೆ ಕೂರುವ ನರ್ಸುಗಳು ಸಂಜೆ ಅಲ್ಲಿ ಸೇರುತ್ತಿದ್ದರು. ನರ್ಸಿಂಗ್ ಮುಗಿಸಿದ್ದ ನನ್ನ ಅಕ್ಕ ಕೂಡ.

ಅವರ ಕ್ರಮ ವಿಚಿತ್ರವಾಗಿತ್ತು. ಬೋರ್ಡಿನ ನಡುವೆ ಒಂದು ಗೆರೆ. ಎಡಗಡೆ ನಮ್ಮ ಬದುಕು: ಜ್ವರ ಬಂತು, ಬಸ್ಸು ಸಿಕ್ಕಿತು, ದಾರಿ ತಪ್ಪಿತು, ಅರ್ಥ ಆಯಿತು, ಮದುವೆ ಆಯಿತು, ವಯಸ್ಸಾಯಿತು, ಚೇತರಿಸಿಕೊಂಡೆ, ಪಾರಾದೆ. ಒಬ್ಬೊಬ್ಬರೂ ತಮ್ಮ ಮನೆಯ ಮಾತಿನಲ್ಲಿ, ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ, ಅಂದು ನಿಜವಾಗಿ ತನಗೆ ಆದದ್ದನ್ನೇ ಮೊದಲು ಹೇಳಬೇಕು. ಸುಳ್ಳು ಉದಾಹರಣೆ ಕೊಟ್ಟರೆ ನಿಲ್ಲಿಸಿಬಿಡುತ್ತಿದ್ದರು. ಬಲಗಡೆ ಮೇಲೆ ಒಂದೇ ಶಬ್ದ, ಗೆಟ್. ಅದರ ಕೆಳಗೆಲ್ಲ ಖಾಲಿ. ಆ ಖಾಲಿಯನ್ನು ಗಾಟ್ ಲಾಸ್ಟ್, ಗಾಟ್ ಮ್ಯಾರೀಡ್ ಎಂದು ಬಾಯಲ್ಲಿ ತುಂಬಿಸಬೇಕು, ಬರೆಯುವಂತಿಲ್ಲ. ತಿಂಗಳುಗಟ್ಟಲೆ ಇದೇ.

"ಬಾಯಮ್ಮ, ದುಬೈಯಲ್ಲಿ ಒಂದು ಶಬ್ದ ಸಾಕಾ?" ಎಂದು ಅಂಗಡಿಯವರ ತಮ್ಮ ಕೆಣಕುತ್ತಿದ್ದ.

"ಎರಡು ಬೇಕು ಮಾರಾಯ. ಇನ್ನೊಂದು 'ಸಾರ್'. ಅದು ನಿನಗೆ ಕಲಿಯದೆಯೂ ಬರ್ತದೆ."

ನಾನಾಗ ಎಂ.ಎ. ಓದುತ್ತಿದ್ದೆ. ಅಕ್ಕನನ್ನು ಕರೆದುಕೊಂಡು ಬರಲು ಹೋದಾಗ ಕೊನೆಯ ಬೆಂಚಿನಲ್ಲಿ ಕೂತು, ಇದೆಲ್ಲ ಪುಸ್ತಕದ ಇಂಗ್ಲಿಷಿಗೆ ಆಗುವುದಿಲ್ಲ, ಒಂದೊಂದು ಅರ್ಥಕ್ಕೂ ಸರಿಯಾದ ಪರ್ಯಾಯ ಪದ ಉಂಟು ಎಂದಿದ್ದೆ.

"ನಿಮ್ಮ ಪ್ರೊಫೆಸರ್ ಬಸ್ಸಿನಿಂದ ಹೇಗೆ ಇಳಿಯುವುದು? ಡಿಸೆಂಡ್ ಮಾಡಿಯಾ?" ಎಂದರು. ಎಲ್ಲರೂ ನಕ್ಕರು, ಅಕ್ಕ ಎಲ್ಲರಿಗಿಂತ ಜೋರಾಗಿ. ಆದರೂ ಈಗಲೂ ಹೇಳುತ್ತೇನೆ, ಬಾಯಮ್ಮನ ಕ್ರಮ ಪೂರ್ತಿ ಸರಿ ಇತ್ತೆಂದು ನನಗೆ ಅನಿಸುವುದಿಲ್ಲ. ಹಟದವರು. ಪರ್ಯಾಯ ಪದಗಳನ್ನು ಪರೀಕ್ಷೆ ಹತ್ತಿರ ಬಂದ ಮೇಲೆ, ಒಲ್ಲದ ಮನಸ್ಸಿನಿಂದ, ಔಷಧ ಕುಡಿಸಿದ ಹಾಗೆ ಕೊಡುತ್ತಿದ್ದರು. ಹಾಗೆ ಕಲಿತವರು ಪತ್ರ ಬರೆಯುವ ಪರೀಕ್ಷೆಯಲ್ಲಿ ಗೆದ್ದರೋ ಸೋತರೋ, ಯಾರೂ ಲೆಕ್ಕ ಇಟ್ಟಿಲ್ಲ.

ಅಕ್ಕ ಅಜೆಕಾರಿನ ಗೆಳತಿಯೊಬ್ಬಳ ಜೊತೆ ಪರೀಕ್ಷೆಗೆಂದು ಮಂಗಳೂರಿಗೆ ಹೋದಳು. ಕೆಲವು ವಾರ ಕಳೆದು, ಬರವಣಿಗೆಯಲ್ಲಿ ಹೋಯಿತು ಎಂದಳು. ಗೆಳತಿ ಪಾಸಾಗಿದ್ದಳು. ಎಲ್ಲ ಕಡೆ ಗೆಟ್ ಗೆಟ್ ಎಂದು ಬರೆದದ್ದಕ್ಕೆ ಅಂಕ ಕಡಿದರು ಎಂಬ ಮಾತು ಎಲ್ಲಿಂದ ಶುರುವಾಯಿತೋ... ಅಕ್ಕನೇ ಹೇಳಿದಳೋ, ಉಡುಪಿಯಲ್ಲಿ ಆಗಷ್ಟೇ ತೆರೆದಿದ್ದ ಕೋಚಿಂಗ್ ಸೆಂಟರಿನವರು ಸೇರಿಸಿದರೋ. ಸೋತ ಪತ್ರಿಕೆಯನ್ನು ತೋರಿಸು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಸೋತವರನ್ನು ಹಾಗೆ ಕೇಳುವುದು ಕ್ರೂರವೆಂದು ಸುಮ್ಮನಾದೆವು. ನಮ್ಮ ಕನಿಕರಕ್ಕೆ ತಗಲಿದ ಬೆಲೆಯನ್ನು ತೆತ್ತವರು ಬೇರೆಯವರು.

ಅಮ್ಮ ಆ ಮೆಟ್ಟಿಲು ಹತ್ತಿದಳು. ಕ್ಲಾಸು ತುಂಬಿತ್ತು.

"ಎಂತ ಬಾಯಮ್ಮ, ಇಡೀ ವರ್ಷ ನನ್ನ ಮಗಳಿಗೆ ಒಂದೇ ಶಬ್ದವಾ? ಗಿಣಿಗೂ ಇದಕ್ಕಿಂತ ಹೆಚ್ಚು ಬರ್ತದೆ ಅಲ್ವಾ?"

ಬಾಯಮ್ಮ ಬೋರ್ಡಿನ ಕಡೆ ತಿರುಗಿ ನಿಂತಿದ್ದರಂತೆ. "ಅವಳು ಬರೀತಾಳೆ ಅಂತ ನನಗೆ ಧೈರ್ಯ ಇತ್ತು," ಎಂದರಂತೆ. ಈ 'ಅಂತೆ'ಯನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಅವರ ಬೆನ್ನು, ಸೀರೆಗೆ ಹತ್ತಿದ ಸೀಮೆಸುಣ್ಣ ನನ್ನ ಕಣ್ಣಿಗೆ ಕಾಣುತ್ತದೆ. ಆದರೆ ಬೆನ್ನು ಎಲ್ಲ ಟೀಚರುಗಳಿಗೂ ಇರುತ್ತದೆ.

ಆಮೇಲಿನದು ಬೇಗ ಮುಗಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಕೋಚಿಂಗ್ ಸೆಂಟರಿಗೆ ಹೋದರು. ಊರವರು ಅವರಿಗೆ ಹೊಸ ಹೆಸರಿಟ್ಟರು, ಗೆಟ್ ಬಾಯಮ್ಮ. ಇದು ಮಾತ್ರ ನಾನೇ ನೋಡಿದ್ದು: ಅವರು ಬಸ್ಸಿನಿಂದ ಇಳಿಯುವಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು, "ಗೆಟ್ ಡೌನ್ ಬಾಯಮ್ಮ, ಗೆಟ್ ಡೌನ್," ಎಂದು ರಾಗ ಎಳೆಯುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು. ಜನರಿಗೆ ಅವರ ಮೇಲೆ ದ್ವೇಷವೇನೂ ಇರಲಿಲ್ಲ. ದ್ವೇಷವಾದರೆ ಎಂದಾದರೂ ಸುಸ್ತಾಗುತ್ತಿತ್ತು. ಒಂದು ಮಳೆಗಾಲದ ಮೊದಲು ಅವರು ಕೋಣೆಯ ಬೀಗದ ಕೈ ಬಲೆ ಅಂಗಡಿಯವರಿಗೆ ಕೊಟ್ಟು ಕಾರ್ಕಳದ ಅಣ್ಣನ ಮನೆಗೆ ಹೋದರು.

ಅಲ್ಲಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಎದುರಾದರು. ಎರಡೂ ಕೈಯಲ್ಲಿ ಮೊಟ್ಟೆಯ ಟ್ರೇ ಹಿಡಿದಿದ್ದರು. ಅಮ್ಮನ ವಿಷಯ ಎತ್ತಲಿಲ್ಲ.

"ಅಕ್ಕ ಮತ್ತೆ ಬರೆದಳಾ?"

"ಇಲ್ಲ. ಉಡುಪಿಯಲ್ಲೇ, ಕಡಿಯಾಳಿಯಲ್ಲಿ ಮನೆ ಮಾಡಿದ್ದಾಳೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಕೆಲಸ. ಆರಾಮ ಇದ್ದಾಳೆ."

"ಆರಾಮ ಇದ್ದರೆ ಆಯ್ತು." ಟ್ರೇಯನ್ನು ಸ್ವಲ್ಪ ಸರಿಪಡಿಸಿಕೊಂಡರು. "ಅವಳ ಪೇಪರ್ ಒಮ್ಮೆ ನನಗೆ ನೋಡ್ಲಿಕ್ಕೆ ಇತ್ತು. ಎಲ್ಲಿ ತಪ್ಪಿದ್ದು ಅಂತ. ನಾನು ಕಲಿಸಿದ್ದೇ ತಪ್ಪಾ, ಅವಳು ಬರೆದದ್ದಾ... ಮಲಗಿದರೆ ಅದೇ ತಲೆಗೆ ಬರ್ತದೆ. ಸಿಕ್ಕಿದರೆ ತಂದು ಕೊಡ್ತೀಯಾ?"

ನೋಡುತ್ತೇನೆ ಎಂದೆ. ಅಕ್ಕನನ್ನು ಕೇಳಿದಾಗ, ಅದೆಲ್ಲ ಎಲ್ಲೋ ಹೋಯಿತು ಎಂದಳು. ನಾನೂ ನಂಬಿದೆ. ಆಮೇಲೆ ಬಲೆ ಅಂಗಡಿಯವರು ಒಂದು ದಿನ, ನಿಮ್ಮ ಬಾಯಮ್ಮ ತೀರಿಕೊಂಡರಂತೆ ಎಂದರು. 'ನಿಮ್ಮ' ಎಂದದ್ದು ಈಗಲೂ ಚುಚ್ಚುತ್ತದೆ. ಕ್ಲಾಸಿನಲ್ಲಿ ಕೂತವರಲ್ಲಿ ಒಬ್ಬರೂ ಕಾರ್ಕಳಕ್ಕೆ ಹೋಗಿರಲಿಲ್ಲ.

ಮಗಳ ಉತ್ತರಪತ್ರಿಕೆ ನೋಡಿದ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನಿನ್ನ ಸೊಸೆಗೂ ನಿನ್ನದೇ ರೋಗ, ಗೆಟ್ ಬರೆದು ಅಂಕ ಕಳಕೊಂಡಿದ್ದಾಳೆ ಎಂದು ತಮಾಷೆ ಮಾಡಿದೆ. ಅಕ್ಕ ನಗಲಿಲ್ಲ.

"ಆ ವಿಷಯ ಬಿಡು ನೀನು," ಎಂದಳು. ಫೋನ್ ಇಡುವ ಮೊದಲು, "ಅಮ್ಮನ ಹತ್ತಿರವೂ ಮಾತಾಡ್ಬೇಡ," ಎಂದಳು.

ಬಿಡುವ ಸ್ವಭಾವ ನನ್ನದಲ್ಲ. ಅಜೆಕಾರಿನ ಆ ಗೆಳತಿ ವಿದೇಶದಿಂದ ಮರಳಿ ಈಗ ಉಡುಪಿಯಲ್ಲೇ ನರ್ಸ್ ಆಗಿದ್ದಾಳೆ. ಅವಳ ಡ್ಯೂಟಿ ಮುಗಿಯುವವರೆಗೆ ಕಾದು, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎದುರು ಕೂತು ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು, ನಮಗೆ ಗೊತ್ತಿಲ್ಲವೆಂದು.

"ಅವಳೆಲ್ಲಿ ಬರೆದಳು? ಬಾಗಿಲವರೆಗೆ ಬಂದಳು. 'ನನಗೆ ಊರು ಬಿಡ್ಲಿಕ್ಕೆ ಮನಸ್ಸಿಲ್ಲ ಮಾರಾಯ್ತಿ, ಪಾಸಾದರೆ ಕಳಿಸಿಯೇ ಬಿಡ್ತಾರೆ, ನೀನು ಹೋಗು' ಅಂದಳು. ನಾನು ಮುಗಿಸಿ ಬರುವಾಗ ಎದುರಿನ ಅಂಗಡಿಯಲ್ಲಿ ಕಬ್ಬಿನ ಹಾಲು ಕುಡೀತಾ ಇದ್ದಳು."

ಉಳಿದದ್ದರಲ್ಲಿ ಎಷ್ಟು ನಿಜ, ಎಷ್ಟು ನನ್ನ ಕಟ್ಟುಕತೆ, ಗೊತ್ತಿಲ್ಲ. ಈ ಒಂದನ್ನು ಮಾತ್ರ ಮರುದಿನ ಕಡಿಯಾಳಿಗೆ ಹೋಗಿ ಅಕ್ಕನ ಮುಂದೆಯೇ ಇಟ್ಟೆ. ಅವಳು ತಲೆ ತಗ್ಗಿಸಿ ಹೌದು ಎಂದಳು. ಬಾಯಮ್ಮ ಸಾಯುವವರೆಗೆ ನೋಡಬೇಕೆಂದಿದ್ದ ಆ ಪೇಪರ್ ಎಲ್ಲಿಯೂ ಇರಲಿಲ್ಲ. ಅಕ್ಕ ಪರೀಕ್ಷೆಗೆ ಕೂತಿರಲೇ ಇಲ್ಲ.