ನೀರಿಗೆ ಅಂಜುವ ಆಡು

ನನ್ನ ಮೇಜಿನ ಮೇಲಿದ್ದ ಕಂಚಿನ ಗಂಟೆಗೆ ಕಂಚಿನ ನಾಲಿಗೆಯಿಲ್ಲ. ಅದರ ಬದಲು ಕಿರುಬೆರಳುದ್ದದ ಜಾಲಿಯ ಕಟ್ಟಿಗೆಯೊಂದನ್ನು ಕರಿ ಉಣ್ಣೆಯ ದಾರದಿಂದ ಒಳಗೆ ಕಟ್ಟಿದ್ದಾರೆ. ಅಲ್ಲಾಡಿಸಿದರೆ ಅದು ಠಣ್ಣೆನ್ನುವುದಿಲ್ಲ. ಸಂಕೋಚದವರು ಯಾರೋ ಬಾಗಿಲು ತಟ್ಟಿದ ಹಾಗೆ 'ಟೊಕ್ ಟೊಕ್' ಎನ್ನುತ್ತದೆ. ಮೂಸಿದರೆ ಇಂದಿಗೂ ಆಡಿನ ವಾಸನೆ. ನಾನು ಆಗಾಗ ಮೂಸಿ ನೋಡುತ್ತಿದ್ದೆ ಎಂಬುದನ್ನು ನೀವು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ.

ಮೊನ್ನೆ ಸಂಜೆ ಆ ಗಂಟೆಯ ಕೆಳಗೆ ಒಂದು ಕಾಗದವಿತ್ತು. ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಗ್ಗಗಳು ನಡೆಯುತ್ತಿರುವಾಗ ಆ ನಡುಕಕ್ಕೆ ಮೇಜಿನ ಮೇಲಿನ ಕಾಗದಗಳು ತಾವಾಗಿಯೇ ಸರಿದು ಕೆಳಗೆ ಬೀಳುತ್ತವೆ. ಅದಕ್ಕೇ ಭಾರ ಇಡಬೇಕು. ಕಾಗದ ಬರೆದವಳು ಪದ್ಮಾವತಿ, ಗಡಹಿಂಗ್ಲಜದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು, ಈಗ ಅದೇ ಕನ್ಯಾಶಾಲೆಯಲ್ಲಿ ಶಿಕ್ಷಕಿ. ಶಾಲೆಯ ಹಿರಿಯ ಬಾಯಿಯವರು, ಎಂದರೆ ಮುಖ್ಯ ಶಿಕ್ಷಕಿ, ನಿವೃತ್ತರಾಗುತ್ತಿದ್ದಾರಂತೆ. ಆ ಜಾಗಕ್ಕೆ ನೀನೇ ಬಾ ಎಂದು ಕಮಿಟಿಯವರು ಇವಳನ್ನು ಕೇಳಿದ್ದಾರೆ. ವಾರದೊಳಗೆ ಉತ್ತರ ಕೊಡಬೇಕು. ಕೊನೆಯಲ್ಲಿ ಬರೆದಿದ್ದಳು: "ಬಾಯಿಯವರೇ, ನನಗೆ ಬಹಳ ಅಂಜಿಕೆಯಾಗಿದೆ. ಅಂಜುವವಳು ಮುಂದಾಳಾಗಬಹುದೇ? ನೀವು ಬೇಡವೆಂದರೆ ಬೇಡವೆಂದೇ ಬರೆದುಬಿಡುತ್ತೇನೆ."

ನಾನು 'ಹೂಂ' ಎಂದರೆ ಹೂಂ, 'ಊಹೂಂ' ಎಂದರೆ ಊಹೂಂ. ಒಬ್ಬಳ ಬದುಕಿನ ದಾರಿ ಹೀಗೆ ನನ್ನ ಮಸಿ ದೌತಿಯಲ್ಲಿ ಬಂದು ಕೂತದ್ದು ನನಗೆ ಹಿತವೆನಿಸಲಿಲ್ಲ.

ಮುಂದಾಳುತನದ ವಿಷಯದಲ್ಲಿ ನಾನೇನೂ ಅಜ್ಞಾನಿಯಲ್ಲ. ಕೊಲ್ಹಾಪುರದ ಕಾಲೇಜಿನಲ್ಲಿ ಅದರ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದವಳು. ನಾಯಕನೆಂದರೆ ಸಿಂಹ ಎಂದು ಹದಿನಾಲ್ಕು ಪುಟ ಬರೆದಿದ್ದೆ. ಅಲ್ಲಿಯವರೆಗೆ ನಾನು ಕಂಡಿದ್ದ ಸಿಂಹ ಒಂದೇ: ನಮ್ಮೂರ ಜೈನ ಬಸ್ತಿಯ ಮೆಟ್ಟಿಲ ಪಕ್ಕದ ಕಲ್ಲಿನ ಸಿಂಹ. ಅದರ ಮೂಗು ಮುರಿದಿತ್ತು, ಮೇಲೆ ಯಾರಾದರೂ ಪಂಚೆ ಒಣಹಾಕುತ್ತಿದ್ದರು. ಪರೀಕ್ಷಕರಿಗೆ ಇದು ತಿಳಿಯುವಂತಿರಲಿಲ್ಲ.

ಬಿ.ಎ. ಮುಗಿದ ವರ್ಷವೇ ಗಡಹಿಂಗ್ಲಜದ ಆ ಶಾಲೆಗೆ ನನ್ನನ್ನು ಮುಖ್ಯಸ್ಥೆಯಾಗಿ ಕಳಿಸಿದರು. ನನಗಾಗ ಇಪ್ಪತ್ತೆರಡು. ಏಳನೆಯ ತರಗತಿಯಲ್ಲಿ ಒಂಬತ್ತು ಹುಡುಗಿಯರು. ಅದುವರೆಗೆ ಆ ಶಾಲೆಯಿಂದ ಒಬ್ಬ ಹುಡುಗಿಯೂ ಫೈನಲ್ ಪರೀಕ್ಷೆಗೆ ಕೂತಿರಲಿಲ್ಲ. ಪರೀಕ್ಷೆ ಇದ್ದದ್ದು ಕೊಲ್ಹಾಪುರದಲ್ಲಿ. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರು ಕಳಿಸಬೇಕು? ಈ ವರ್ಷವೂ ಯಾರೂ ಕೂರದಿದ್ದರೆ ಏಳನೆಯ ತರಗತಿಯನ್ನೇ ಮುಚ್ಚುತ್ತೇವೆ ಎಂದು ತಪಾಸಣೆಗೆ ಬಂದವರು ಹೇಳಿಹೋದರು. ನಾನು ಮನೆಮನೆಗೆ ಹೋಗಿ ಮಾತಾಡಿದೆ. ಕೊನೆಗೆ ಹಿರಿಯರೆಲ್ಲ ಒಪ್ಪಿದರು, ಆದರೆ ಒಂದು ಕರಾರಿನ ಮೇಲೆ.

"ಹೋದ್ರ ಒಂಬತ್ತೂ ಹೋಗ್ಲಿ ಬಾಯಾರ," ಎಂದರು ಪದ್ಮಾವತಿಯ ಅಜ್ಜ. "ಒಬ್ಬಾಕಿ ಹಿಂದ ಉಳದ್ಲು ಅಂದ್ರ ಯಾರೂ ಹೋಗೂದು ಬ್ಯಾಡ. ನಾಳಿ ಊರು ಬೈದ್ರ ಎಲ್ಲಾರ ಮನೀಗೂ ಬೈಲಿ. ಒಂದ ಮನಿ ಮಾರಿಗೆ ಮಸಿ ಬ್ಯಾಡ."

ಬೈಗುಳವನ್ನೂ ಹೀಗೆ ಸಮನಾಗಿ ಹಂಚಿಕೊಳ್ಳುವ ಊರು ಅದು. ನಾನು ಒಪ್ಪಿಕೊಂಡು ಬಂದು ಹನ್ನೊಂದು ನಿಯಮಗಳನ್ನು ಬರೆದೆ. ನಾಲ್ಕನೆಯದು ಇನ್ನೂ ನೆನಪಿದೆ: "ಪ್ರತಿಯೊಬ್ಬಳೂ ತನ್ನ ಮುಂದಿನವಳ ಜಡೆಯನ್ನೇ ನೋಡುತ್ತ ನಡೆಯತಕ್ಕದ್ದು." ಒಂದು ಸೀಟಿಯನ್ನೂ ಕೊಂಡು ಕೊರಳಿಗೆ ಹಾಕಿಕೊಂಡೆ. ಸಾಲಿನ ಮುಂದೆ ಕೈಯಲ್ಲಿ ಛತ್ರಿ ಹಿಡಿದು ನಾನು, ನನ್ನ ಹಿಂದೆ ತಾರಾ. ತಾರಾ ಎಂದರೆ ಬಾವಿಗೆ ಹಾರುವ, ಹುಣಸೆಮರ ಹತ್ತುವ, ಯಾರಿಗೂ ಹೆದರದ ಹುಡುಗಿ. ನನ್ನ ಹದಿನಾಲ್ಕು ಪುಟಗಳಿಂದ ಎದ್ದು ಬಂದವಳ ಹಾಗಿದ್ದಳು. ಸಾಲಿನ ಕೊನೆಗೆ ಪದ್ಮಾವತಿ. ಅವಳು ಬೆಂಚಿನ ಮೇಲೆ ಕೂರುವ ಮುನ್ನ ಚೇಳಿದೆಯೇನೋ ಎಂದು ಕೆಳಗೆ ಬಗ್ಗಿ ನೋಡುವಳು. ದೌತಿಯ ಮುಚ್ಚಳವನ್ನು ಮೂರು ಸಲ ತಿರುವಿ ನೋಡುವಳು. ಅವಳ ಪ್ರಗತಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ನಾನೇ ಬರೆದಿದ್ದೆ: "ಓದಿನಲ್ಲಿ ಚೊಕ್ಕ. ಮುಂದಾಳುತನದ ಗುಣ ಇಲ್ಲ."

ಅದು ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರಿನ ಬೆನ್ನಿಗೆ ದೊಡ್ಡ ಡಬ್ಬಿಯೊಂದನ್ನು ಕಟ್ಟಿ, ಅದರಲ್ಲಿ ಇದ್ದಲಿ ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದರು. 'ಓಡಿಸುತ್ತಿದ್ದರು' ಎಂಬುದು ಮರ್ಯಾದೆಯ ಮಾತು. ಪರೀಕ್ಷೆಯ ಹಿಂದಿನ ದಿನ ಹೊರಟ ನಮ್ಮ ಮೋಟಾರು ಕೆಮ್ಮುತ್ತ, ನಿಲ್ಲುತ್ತ, ಇಳಿಹೊತ್ತಿಗೆ ಒಂದು ಹಳ್ಳದ ದಂಡೆಗೆ ಬಂದು ಪೂರ್ತಿ ನಿಂತಿತು. ಮೇಲೆಲ್ಲೋ ಅಕಾಲದ ಮಳೆಯಾಗಿ ಹಳ್ಳದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಆಳವೇನಿಲ್ಲ, ಮೊಣಕಾಲು ಮಟ್ಟ. ಆದರೆ ತಳ ಕಾಣುತ್ತಿರಲಿಲ್ಲ.

"ನನ್ನ ಗಾಡಿ ನೀರಿಗೆ ಇಳಿಯೂದಿಲ್ರಿ ಬಾಯಾರ, ಒಲಿ ಆರತೈತಿ," ಎಂದ ಡ್ರೈವರ್. "ಆಚಿ ದಂಡ್ಯಾಗ ಕೊಲ್ಹಾಪುರದ ಮೋಟಾರ ನಿಂತೈತಿ ನೋಡ್ರಿ. ಹೊತ್ತು ಮುಳಗೂತನಾ ಅಷ್ಟ ನಿಲ್ತಾನ ಅಂವ. ಲಗೂ ದಾಟ್ರಿ."

ಹೊತ್ತು ಮುಳುಗಲು ಇನ್ನೆರಡೇ ಮಾರು ಉಳಿದಿತ್ತು. ಉಳಿದ ಪ್ರಯಾಣಿಕರು ಧೋತರ ಎತ್ತಿ ಕಟ್ಟಿ ದಾಟಿಹೋದರು. ಧೈರ್ಯ ತೋರಿಸುವುದು ನನ್ನ ಕರ್ತವ್ಯವೆಂದು ನಾನೇ ಮೊದಲು ಇಳಿದು, ನಡುವೆ ಒಮ್ಮೆ ಜಾರಿ, ಜಾರಲಿಲ್ಲವೆಂಬಂತೆ ಮುಖ ಮಾಡಿ, ಆಚೆ ದಂಡೆ ಹತ್ತಿದೆ. ತಿರುಗಿ ನಿಂತು ಸೀಟಿ ಊದಿದೆ. ತಾರಾ ಒಂದೇ ನೆಗೆತಕ್ಕೆ ನೀರಿಗೆ ಬಿದ್ದಳು; ನೇರ ಒಂದು ಗುಂಡಿಗೆ. ಸೊಂಟದವರೆಗೆ ಮುಳುಗಿ ಕಿಟಾರನೆ ಕಿರುಚಿದಳು. ಡ್ರೈವರ್ ಕೈಹಿಡಿದು ಅವಳನ್ನು ಹಿಂದಕ್ಕೆ ಎಳೆದುಕೊಂಡ.

ಅಲ್ಲಿಗೆ ಮುಗಿಯಿತು. ಒಂಬತ್ತು ಹುಡುಗಿಯರೂ ಆ ದಂಡೆಯಲ್ಲಿ ಗೂಟ ಹೊಡೆದ ಹಾಗೆ ನಿಂತರು. ನಾನು ಸೀಟಿ ಊದಿದೆ. ಮತ್ತೆ ಊದಿದೆ. ನನ್ನ ಪಾಲಿಗೆ ಏಳನೆಯ ತರಗತಿ ಆ ನೀರಿನಲ್ಲಿ ಹರಿದುಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

ಆಗ ಅವರ ಹಿಂದೆ ಕುರಿಹಿಂಡೊಂದು ಬಂತು. ಹಿಂಡಿನ ಹಿಂದೆ, ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡ ಒಬ್ಬ ಮುದುಕಿ.

"ಬಾಯಾರ, ಆ ಸೀಟಿ ಒಂದೀಟ ನಿಲ್ಲಸ್ರಿ!" ಎಂದು ಆಚೆಯಿಂದ ಕೂಗಿದಳು. "ನನ್ನ ಕುರಿ ಬೆದರಾಕತ್ತಾವು. ಫೌಜದಾರ ಬಂದಾನಂತ ತಿಳದಾವು."

"ಹುಡುಗ್ಯಾರು ದಾಟವಲ್ಲರು!" ಎಂದೆ.

"ನೀವು ಅಲ್ಲಿ ನಿಂತ ಬಾ ಅಂದ್ರ ಹೆಂಗ ಬರ್ತಾವ್ರಿ? ಅವಕ್ಕ ನಿಮ್ಮ ಮಾರಿ ಕಾಣತೈತಿ, ಹೆಜ್ಜಿ ಕಾಣೂದಿಲ್ಲ."

ಹಿಂಡಿನಿಂದ ಒಂದು ಬಿಳಿ ಆಡು ಮುಂದೆ ಬಂತು. ಒಂದು ಕೊಂಬು ಮುರಿದ, ಬಡಕಲು ಆಡು. ನೀರಿಗೆ ಒಂದು ಕಾಲಿಟ್ಟು, ಅನ್ನದಲ್ಲಿ ಕೂದಲು ಕಂಡವರ ಹಾಗೆ ಮುಖ ಮಾಡಿ ಹಿಂದಕ್ಕೆ ತೆಗೆಯಿತು. ಹತ್ತು ಹೆಜ್ಜೆ ಮೇಲಕ್ಕೆ ಹೋಗಿ ಮತ್ತೆ ಇಟ್ಟಿತು. ಅಲ್ಲೊಂದು ಕಲ್ಲು ಸಿಕ್ಕಿತು. ಅದರ ಮೇಲೆ ನಾಲ್ಕೂ ಕಾಲು ಕೂಡಿಸಿ ನಿಂತು ಮುಂದಿನ ಕಲ್ಲನ್ನು ಹುಡುಕಿತು. ಕೊರಳಲ್ಲಿ ಟೊಕ್ ಟೊಕ್. ನಡುಹಳ್ಳದಲ್ಲಿ ನಿಂತು ಕತ್ತು ಹೊರಳಿಸಿ ಹಿಂದೆ ನೋಡಿತು. ಒಂದು ಕುರಿ ಇಳಿಯಿತು, ಇನ್ನೊಂದು ಇಳಿಯಿತು, ಆಮೇಲೆ ಹಿಂಡಿಗೆ ಹಿಂಡೇ ಆ ಆಡು ಮೆಟ್ಟಿದ ಕಲ್ಲುಗಳನ್ನೇ ಮೆಟ್ಟುತ್ತ ದಾಟಿತು. ಎಲ್ಲಕ್ಕೂ ಕೊನೆಗೆ ಮುದುಕಿ, ಹೆಗಲ ಮೇಲೆ ಕಾಲು ಕುಂಟುವ ಮರಿಯೊಂದನ್ನು ಹೊತ್ತು.

"ನಿಮ್ಮ ಆಡು ಭಾಳ ಧೈರ್ಯದ್ದು," ಎಂದೆ ನಾನು. ಬಹುಮಾನ ಪಡೆದವಳ ತಿಳುವಳಿಕೆ.

ಮುದುಕಿ ನಕ್ಕಳು. "ಧೈರ್ಯ? ಅದಕ್ಕ? ಇಡೀ ಹಿಂಡಿನ್ಯಾಗ ನೀರಿಗಿ ಭಾಳ ಅಂಜೂದು ಅದ ನೋಡ್ರಿ. ಅದಕ್ಕ ಅದನ್ನ ಮುಂದ ಬಿಡೂದು. ಟಗರು ಮುಂದ ಬಿಟ್ರ ಕೊಂಬ ಬೀಸ್ಕೋತ ನೆಟ್ಟಗ ಮಡುವಿಗೆ ಇಳೀತೈತಿ, ಹಿಂದಿನವೂ ಇಳೀತಾವು. ಅಂಜೂದು ಕಲ್ಲ ಹುಡುಕತೈತ್ರಿ."

"ಮತ್ತ ನೀವು?"

"ನಾ ಹಿಂದ. ಬಿದ್ದದ್ದು ಎತ್ತಾಕ ಯಾರರೆ ಬೇಕಲ್ಲ?"

ಇಷ್ಟು ಹೇಳಿ ಅವಳು ದಿಬ್ಬ ಹತ್ತಿ ಹೋದಳು. ನಾನು ಆಡಿನ ಕಲ್ಲುಗಳನ್ನು ಹುಡುಕುತ್ತ ಮತ್ತೆ ಹಳ್ಳ ದಾಟಿ ಹುಡುಗಿಯರಿದ್ದ ದಂಡೆಗೆ ಬಂದೆ. ಛತ್ರಿಯನ್ನು ಪದ್ಮಾವತಿಯ ಕೈಗೆ ಕೊಟ್ಟೆ.

"ನೀ ಮುಂದ ನಡಿ."

"ನಾ ಒಲ್ಲೇರಿ ಬಾಯಾರ! ನನಗ ಅಂಜಿಕಿ ಬರತೈತಿ."

"ಅದಕ್ಕ ನೀ ಮುಂದ."

ತೊಯ್ದ ಸೀರೆ ಹಿಂಡುತ್ತ ನಿಂತಿದ್ದ ತಾರಾ ಬಿಡುವಳೇ? "ಪದ್ದಿ ಮುಂದಾದ್ಲಂದ್ರ ಮುಂದಿನ ವರ್ಷದ ಪರೀಕ್ಷಾಕ್ಕ ಮುಟ್ಟತೇವ್ರಿ!"

ಎಲ್ಲರೂ ನಕ್ಕರು. ನಕ್ಕದ್ದೇ ಒಳ್ಳೆಯದಾಯಿತು, ಗೂಟಗಳು ಸಡಿಲವಾದವು. ಹುಡುಗಿಯರು ಗಂಟುಗಳನ್ನು ತಲೆಯ ಮೇಲೇರಿಸಿದರು. ಚಪ್ಪಲಿ ಇದ್ದವರು ಆರು ಮಂದಿ. ತೊಯ್ದರೆ ಕೊಲ್ಹಾಪುರದ ತೊಗಲು ಕಟ್ಟಿಗೆಯಾಗುತ್ತದೆ. ನನ್ನದೂ ಸೇರಿಸಿ ಏಳು ಜೊತೆಗಳನ್ನು ಹಾಸಿಗೆಯ ಹಗ್ಗಕ್ಕೆ ಪೋಣಿಸಿ, ಕೈ ಖಾಲಿ ಇರಲೆಂದು ಕೊರಳಿಗೆ ಹಾಕಿಕೊಂಡು ಸಾಲಿನ ಕೊನೆಗೆ ನಿಂತೆ.

"ಹಾರ ಚಂದ ಒಪ್ಪತೈತ್ರಿ ಬಾಯಾರ!" ಎಂದ ಡ್ರೈವರ್. ಚಪ್ಪಲಿ ಹಾರ ಹಾಕಿಸಿಕೊಂಡ ಮುಖ್ಯಸ್ಥೆ ಆ ಸಂಸ್ಥಾನದಲ್ಲಿ ನಾನೊಬ್ಬಳೇ ಇರಬೇಕು.

ಪದ್ಮಾವತಿ ಛತ್ರಿಯ ತುದಿಯಿಂದ ನೀರನ್ನು ಚುಚ್ಚಿದಳು. ಬೆಂಚಿನ ಕೆಳಗೆ ಚೇಳು ಹುಡುಕುತ್ತಿದ್ದ ಅದೇ ಕಣ್ಣು. ನಡುಗುವ ಧ್ವನಿಯಲ್ಲಿ, ಆದರೆ ಕೊನೆಯವಳಿಗೂ ಕೇಳುವಂತೆ ಹೇಳುತ್ತ ಹೋದಳು: "ಇಲ್ಲಿ ಜಾರತೈತಿ. ಈ ಕಲ್ಲ ಗಟ್ಟಿ ಐತಿ. ತಡೀರಿ, ಇಲ್ಲೇನೂ ಹತ್ತವಲ್ದು. ಹಾಂ, ಎಡಕ್ಕ ಬರ್ರಿ." ನಡುಹಳ್ಳದಲ್ಲಿ ನಿಂತು ಹಿಂದೆ ನೋಡಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಯಾರ ಜಡೆಯನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಮುಂದಿನವಳ ಪಾದದ ಮೇಲಿತ್ತು. ತಾರಾಳೂ ಬಾಯಿ ಮುಚ್ಚಿಕೊಂಡು ಕಲ್ಲು ನೋಡಿ ಕಾಲಿಟ್ಟಳು.

ಕೊನೆಯ ಹೆಜ್ಜೆಯಲ್ಲಿ ನನ್ನ ಬರಿಗಾಲಿಗೆ ಏನೋ ತಣ್ಣಗೆ ತಾಗಿತು. ಎತ್ತಿದರೆ ಆಡಿನ ಗಂಟೆ, ಕೊರಳ ದಾರ ಹರಿದಿತ್ತು. ದಿಬ್ಬದವರೆಗೆ ಓಡಿ ಕೂಗಿದೆ. ಹಿಂಡು ಕಾಣಲಿಲ್ಲ. ಆಮೇಲೆ ಆ ಊರಿನಲ್ಲಿದ್ದ ಆರು ವರ್ಷವೂ ಕಂಡ ಕಂಡ ಕುರುಬರನ್ನೆಲ್ಲ ಕೇಳಿದೆ. ಕೊಡದ ವಸ್ತುವನ್ನು ಇಟ್ಟುಕೊಳ್ಳಬಾರದೆಂದು ಬಸ್ತಿಯಲ್ಲಿ ಕಲಿತವಳ ಮೇಜಿನ ಮೇಲೆ ಅದು ಹಾಗೇ ಕೂತಿತ್ತು.

ಹೊತ್ತು ಒಂದು ಗೇಣು ಉಳಿದಿತ್ತು. ನಾವು ಜೈನರು ಹೊತ್ತು ಮುಳುಗುವ ಮೊದಲೇ ಉಣ್ಣಬೇಕಲ್ಲ. ಮೋಟಾರಿನವನು ಹಾರ್ನು ಬಾರಿಸುತ್ತಿದ್ದಂತೆಯೇ ನಿಂತು ರೊಟ್ಟಿ ಮುರಿದೆವು. ಉಳಿದ ಹುಡುಗಿಯರೂ ನಮ್ಮ ಜೊತೆಗೇ ಉಂಡರು. ಮರುದಿನ ಒಂಬತ್ತೂ ಮಂದಿ ಪರೀಕ್ಷೆಗೆ ಕೂತರು, ಎಂಟು ಮಂದಿ ಪಾಸಾದರು, ತರಗತಿ ಉಳಿಯಿತು. ನಪಾಸಾದವಳು ತಾರಾ ಅಲ್ಲ. ಅವಳೇ ಆಗಿದ್ದರೆ ಕತೆ ಬರೆಯುವವಳಿಗೆ ಅನುಕೂಲವಾಗುತ್ತಿತ್ತು.

ಪದ್ಮಾವತಿಯ ಪ್ರಗತಿ ಪುಸ್ತಕದ ಕೆಂಪು ಸಾಲನ್ನು ಮಾತ್ರ ನಾನು ಹೊಡೆದುಹಾಕಲಿಲ್ಲ. ಪುಸ್ತಕ ಅವರ ಮನೆಗೆ ಹೋಗಿತ್ತು. ಕೇಳಿ ತರಿಸಲು ನನಗೆ ನಾಚಿಕೆ. ಅವಳ ಕಾಗದದಲ್ಲಿ "ಅಂಜುವವಳು ಮುಂದಾಳಾಗಬಹುದೇ" ಎಂಬ ಮಾತು ಎಲ್ಲಿಂದ ಬಂತು ಎಂದು ಮೊನ್ನೆ ಸಂಜೆ ನನಗೆ ಚೆನ್ನಾಗಿಯೇ ತಿಳಿಯಿತು. ಉತ್ತರ ಬರೆಯಲು ಕೂತೆ. ನಾಲ್ಕು ಹಾಳೆ ತುಂಬಿ ಎಣಿಸಿದರೆ ಮತ್ತೆ ಹನ್ನೊಂದು ಉಪದೇಶ! ಹರಿದು ಹಾಕಿದೆ.

ಮರುದಿನ ಬೆಳಿಗ್ಗೆ ಗಂಟೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಹೊಲಿದು, ಅಂಚೆ ಕಚೇರಿ ತೆರೆಯುವ ಹೊತ್ತಿಗೆ ಹೋಗಿ ನಿಂತೆ. ಗುಮಾಸ್ತರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಟೊಕ್ ಟೊಕ್.

"ಒಳಗ ಏನೋ ಒಡದೈತ್ರಿ ಬಾಯಾರ."

"ಇಲ್ರಿ," ಎಂದೆ, "ಅದರ ದನೀನ ಅಷ್ಟು."

ಒಳಗೆ ಒಂದು ಚೀಟಿ ಇಟ್ಟಿದ್ದೆ. ಈ ಸಲ ಕಪ್ಪು ಮಸಿಯಲ್ಲಿ, ಎರಡೇ ಸಾಲು: "ನಾನು ಅಂದು ತಪ್ಪು ಬರೆದಿದ್ದೆ. ಅಂಜಿಕೆ ಇದೆಯಲ್ಲ, ಒಪ್ಪಿಕೋ. ನಾನು ಹಿಂದೆ ಇದ್ದೇನೆ."