ಮಣಿಕಟ್ಟು ಬಲ್ಲ ಬಿಸಿ

ಚಾಮ್‌ಬುಕು ಕೊಲ್ಲಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೀನಿಗೆ ಹೋದ ದೋಣಿಗಳು ಮರಳಿಲ್ಲ. ದಂಡೆಯ ಹೋಟೆಲಿನಲ್ಲಿ ಕೋಣೆಗೊಂದು ಜೋಡಿ ಪರದೆ ಎಳೆದುಕೊಂಡು ಮಲಗಿದೆ. ವರ್ಷವೆಲ್ಲ ದುಡಿದು, ಹತ್ತು ದಿನ ಏನೂ ಮಾಡದೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿರೋಣವೆಂದು ಬಂದ ಗಂಡಹೆಂಡಿರು ಅವರು. ಏಳುವ ಅವಸರ ಯಾರಿಗೂ ಇಲ್ಲ. ಎದ್ದಿರುವವಳು ಹಾಜೆರಕ್ಕ ಒಬ್ಬಳೇ.

ಬಾದಾಮಿ ತೋಟದ ನಡುವಿನ ಕಾಲುದಾರಿಯಲ್ಲಿ ಇಳಿದು ಬಂದು, ಹೋಟೆಲಿನ ಹಿಂಬದಿಯ ಹಮಾಮು ಎಂಬ ಬಿಸಿ ಸ್ನಾನಗೃಹದ ಬೀಗ ತೆಗೆಯುತ್ತಾಳೆ. ಒಲೆ ಹೊತ್ತಿಸುತ್ತಾಳೆ. ನಡುಕೋಣೆಯ ದೊಡ್ಡ ಅಮೃತಶಿಲೆಯ ಹಾಸುಗಲ್ಲನ್ನು ತಿಕ್ಕಿ ತೊಳೆಯುತ್ತಾಳೆ. ಕಲ್ಲು ನಿಧಾನವಾಗಿ ಕಾಯುತ್ತದೆ. ಆಮೇಲೆ ‘ಬಿಸ್ಮಿಲ್ಲಾ’ ಎಂದು ತಾಮ್ರದ ಬಟ್ಟಲಲ್ಲಿ ನೀರು ಮೊಗೆದು, ಎಡಗೈ ಮಣಿಕಟ್ಟಿನ ಒಳಮೈ ಮೇಲೆ ಸುರಿದುಕೊಂಡು ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ತಲೆಯಾಡಿಸುತ್ತಾಳೆ. ಇನ್ನಷ್ಟು ತಣ್ಣೀರು ಬೆರೆಸುತ್ತಾಳೆ.

ಅಷ್ಟರಲ್ಲಿ ಗುಡ್ಡದ ಮೇಲಿನ ಮಸೀದಿಯಿಂದ ಸೆಲಾ ಎಂಬ ಪ್ರಾರ್ಥನೆಯ ಕೂಗು ಕೇಳಿಬರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಸೆಲಾ ಕೇಳಿದರೆ ಊರಲ್ಲಿ ಯಾರೋ ತೀರಿಕೊಂಡರೆಂದು ಅರ್ಥ. ಹಾಜೆರಕ್ಕ ಎದೆಯ ಮೇಲೆ ಕೈಯಿಟ್ಟು ಹೆಸರಿಗಾಗಿ ಕಾಯುತ್ತಾಳೆ. ಹೆಸರು ಹೆಂಗಸಿನದು. ತುಟಿಯಲ್ಲೇ ಒಂದು ಪ್ರಾರ್ಥನೆ ಹೇಳಿ ಮುಗಿಸುತ್ತಾಳೆ. ಮುಗಿಸಿದ್ದೇ ತಡ, ಗಂಟಲೆತ್ತಿ ಮದುವಣಗಿತ್ತಿಗೆ ಗೋರಂಟಿ ಹಚ್ಚುವ ಹಾಡು ಹಾಡತೊಡಗುತ್ತಾಳೆ. ಆಗಷ್ಟೇ ಕೆಲಸಕ್ಕೆ ಬಂದ ಅಡಿಗೆಮನೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಾಜೆರಕ್ಕ ಹಾಡುತ್ತಿದ್ದಾಳೆ ಎಂದರೆ ಇವತ್ತು ಅವಳಿಗೆ ಎರಡು ಕೆಲಸ.

ಒಂದು ಕೆಲಸ ಹೋಟೆಲಿನವರೆಲ್ಲ ಕಂಡದ್ದು. ಹೆಂಗಸರ ಹೊತ್ತಿನಲ್ಲಿ ಬರುವವರಿಗೆ ಮೈ ತಿಕ್ಕಿ, ನೊರೆ ಹಾಕಿ, ನೀರೆರೆಯುವುದು. ಜುಲೈ, ಆಗಸ್ಟಿನಲ್ಲಿ ದಿನಕ್ಕೆ ಹನ್ನೆರಡು ಬೆನ್ನು. ಈಗ ಹಂಗಾಮು ಮುಗಿಯುತ್ತ ಬಂದಿದೆ, ನಾಲ್ಕೈದು. ಕಾದ ಕಲ್ಲಿನ ಮೇಲೆ ಮಲಗಿಸಿ, ಒರಟು ಕೈಗವಸು ತೊಟ್ಟು, ಹೆಗಲಿಂದ ಹಿಮ್ಮಡಿಯವರೆಗೆ ಉದ್ದಕ್ಕೆ ಉಜ್ಜುತ್ತಾಳೆ. ಕೊಳೆ ಉಂಡೆಯುಂಡೆಯಾಗಿ ಎದ್ದು ಬರುತ್ತದೆ. ಅದನ್ನು ತೋರಿಸದೆ ಬಿಡುವ ಜಾಯಮಾನ ಅವಳದಲ್ಲ.

“ನೋಡಿಲ್ಲಿ ಮಗಳೇ, ಇಷ್ಟನ್ನೂ ಇಸ್ತಾಂಬುಲ್‌ನಿಂದ ಹೊತ್ಕೊಂಡ್ ಬಂದಿದೀಯಲ್ಲ! ಬಸ್ಸಿನೋನು ಇದಕ್ಕೂ ಟಿಕೆಟ್ ತಗೊಂಡ್ನಾ?”

“ಅಯ್ಯೋ ಅಕ್ಕಾ, ನಾನು ದಿನಾ ಸ್ನಾನ ಮಾಡ್ತೀನಿ!”

“ಅದು ಸ್ನಾನ ಅಲ್ಲ ಕಣೇ, ನೀರಿಗೆ ಮುಖ ತೋರ್ಸೋದು. ತಿರುಗ್ಕೋ. ನಿನ್ನ ಗಂಡ ನಿನ್ನ ಗುರುತು ಹಿಡೀದೇ ಹೋದ್ರೆ ನನ್ನ ಬೈಬೇಡ.”

ಇನ್ನೊಂದು ಕೆಲಸಕ್ಕೆ ಸಂಬಳವಿಲ್ಲ. ಊರಲ್ಲಿ ಹೆಂಗಸರು ತೀರಿಕೊಂಡರೆ ಮಣ್ಣಿಗೆ ಕಳಿಸುವ ಮೊದಲು ಕೊನೆಯ ಸ್ನಾನ ಮಾಡಿಸುವವಳೂ ಹಾಜೆರಕ್ಕನೇ. ಇದು ಅವಳಿಗೆ ಅತ್ತೆಯಿಂದ ಬಂದದ್ದು. ಗುಡ್ಡದಾಚೆಯ ಹಳ್ಳಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಒಂದು ದಿನ ಅವಳ ಕೈಗೆ ನೀರಿನ ಹೂಜಿ ಕೊಟ್ಟು ಕರೆದುಕೊಂಡು ಹೋದಳಂತೆ. ಹೆದರಿಕೆಯಲ್ಲಿ ಹಾಜೆರ್ ಕುದಿವ ನೀರನ್ನೇ ಹೂಜಿಗೆ ತುಂಬಿಬಿಟ್ಟಳು. ಸುರಿಯುವುದಕ್ಕೆ ಮೊದಲು ಅತ್ತೆ ಕೈಮೇಲೆ ಒಂದೇಟು ಹಾಕಿದಳು.

“ಅತ್ತೆ ಹೇಳಿದ್ದು ಇವತ್ತಿಗೂ ಕಿವೀಲಿದೆ. ‘ಸುಡ್ತು ಅನ್ನೋಕೆ ಇವಳಿಗೆ ಬಾಯಿಲ್ಲ ಕಣೇ. ಇವಳ ಪರವಾಗಿ ನಿನ್ನ ಕೈ ಹೇಳ್ಬೇಕು’ ಅಂದ್ಲು. ಅವತ್ತಿಂದ ಮೊದಲನೇ ಬಟ್ಟಲು ನನ್ನ ಕೈ ಮೇಲೆ. ಬದುಕಿರೋರಿಗೂ ಅಷ್ಟೇ, ಹೋದೋರಿಗೂ ಅಷ್ಟೇ.”

ಗಂಡ ಇಲ್ಯಾಸ್ ದೋಣಿಯವನು. ಎರಡನೆಯ ಮಗಳು ತೊಟ್ಟಿಲಲ್ಲಿದ್ದಾಗ ಒಂದು ಚಳಿಗಾಲದಲ್ಲಿ ಸಮುದ್ರಕ್ಕೆ ಹೋದವನನ್ನು ಸಮುದ್ರ ಮರಳಿಸಲಿಲ್ಲ. ಹಾಜೆರಕ್ಕ ಬಾದಾಮಿ ಒಡೆದಳು, ಆಲಿವ್ ಆಯ್ದಳು, ಹೋಟೆಲು ಬಂದ ಮೇಲೆ ಹಮಾಮಿಗೆ ಸೇರಿದಳು. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದಳು. ಕಷ್ಟದ ಮಾತು ತೆಗೆದರೆ ಅವಳು ಇವ್ಯಾವುದನ್ನೂ ಹೇಳುವುದಿಲ್ಲ. ಒಂದೇ ಹೇಳುತ್ತಾಳೆ: “ಹೆಂಡತಿ ಗಂಡನಿಗೆ ಕೊನೇ ನೀರು ಹಾಕ್ಬಹುದು ಅಂತ ಧರ್ಮದಲ್ಲಿದೆ. ಊರಿಗೆಲ್ಲ ಹಾಕಿದೀನಿ. ಅವನಿಗೊಬ್ಬನಿಗೆ ಬೆಚ್ಚಗಿನ ನೀರು ಸಿಗಲಿಲ್ಲ.” ಇದನ್ನು ಹೇಳಿ ಮತ್ತೆ ಕೆಲಸಕ್ಕೆ ತಿರುಗುತ್ತಾಳೆ. ತಮ್ಮವರನ್ನು ಕಳಕೊಂಡವರಿಗೆ ಆ ಮಾತಿನ ಅರ್ಥ ತಿಳಿಯುತ್ತದೆ. ಮಿಕ್ಕವರಿಗೆ ತಿಳಿಸಿ ಹೇಳುವುದು ಕಷ್ಟ.

ಈ ಎರಡು ಕೆಲಸ ಒಂದಕ್ಕೊಂದು ತಗುಲಿ, ಎರಡರಲ್ಲಿ ಒಂದು ಕೈಬಿಟ್ಟೇ ಹೋಗುವಂತಾದದ್ದು ಹೋದ ವರ್ಷದ ಸೆಪ್ಟೆಂಬರಿನಲ್ಲಿ.

ಹೋಟೆಲಿನ ಮ್ಯಾನೇಜರು ತುಂಜಾಯ್ ಇಜ್ಮಿರಿನಿಂದ ಬಂದ ಯುವಕ. ಕೆಟ್ಟವನಲ್ಲ. ವಸಂತದಲ್ಲೇ ಅವನ ಕಿವಿಗೆ ವಿಷಯ ಬಿದ್ದು ಅವಳನ್ನು ಕರೆದು ಕೂರಿಸಿಕೊಂಡಿದ್ದ. “ಅಕ್ಕಾ, ಜನ ಇಲ್ಲಿಗೆ ಚಿಂತೆ ಮರೆಯೋಕೆ ಬರ್ತಾರೆ. ಹೆಣ ತೊಳೆದ ಕೈ ಅಂತ ಒಬ್ಬರು ಇಂಟರ್ನೆಟ್ಟಿನಲ್ಲಿ ಬರೆದ್ರೆ ಸಾಕು, ಕೋಣೆಗಳೆಲ್ಲ ಖಾಲಿ. ಆ ಕೆಲಸ ಬಿಟ್ಬಿಡಿ” ಎಂದಿದ್ದ. ಹಾಜೆರಕ್ಕ “ಇನ್ಶಾಲ್ಲಾ” ಎಂದು ಎದ್ದು ಬಂದಿದ್ದಳು.

ಸೆಪ್ಟೆಂಬರಿನಲ್ಲಿ ಅಂಕಾರದಿಂದ ಒಂದು ಜೋಡಿ ಬಂತು. ಫೆರಿದುನ್ ಹಲ್ಲಿನ ಡಾಕ್ಟರು. ಮುಖದ ಮೇಲೆ ಪೇಪರು ಮುಚ್ಚಿಕೊಂಡು ಪೈನ್ ಮರದ ನೆರಳಲ್ಲಿ ಮಲಗುವುದೇ ಅವರ ರಜೆ. ಹೆಂಡತಿ ನೆಸ್ರಿನ್‌ಗೆ ಮಾತ್ರ ಎರಡು ವರ್ಷದಿಂದ ಸರಿಯಾದ ನಿದ್ದೆಯಿಲ್ಲ. ಸಮುದ್ರದ ಗಾಳಿಗಾದರೂ ಕಣ್ಣು ಮುಚ್ಚಲಿ ಎಂದೇ ಕರೆತಂದಿದ್ದರು. ನಾಲ್ಕು ದಿನ ಕಳೆದರೂ ಅವಳು ದಂಡೆಯಲ್ಲಿ ಶಾಲು ಹೊದ್ದು ಕೂತದ್ದು ಕೂತಂತೆಯೇ ಇದ್ದಳು. ಐದನೆಯ ದಿನ ಹಮಾಮಿಗೆ ಬಂದಳು.

ಅವತ್ತು ಬೆಳಗ್ಗೆಯೇ ಜೆನ್ನೆತಜ್ಜಿಯ ಸೆಲಾ ಆಗಿತ್ತು. ಹಾಜೆರಕ್ಕ ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ಬಾಯಿಗೆ ಜೇನು ಹಾಕಿದವಳು ಜೆನ್ನೆತಜ್ಜಿ. ಮಧ್ಯಾಹ್ನದ ನಮಾಜಿಗೆ ದಫನ. ಒಂದು ಬೆನ್ನು ಮುಗಿಸಿ ಗುಡ್ಡ ಹತ್ತಿದರಾಯಿತೆಂದು ಹಾಜೆರಕ್ಕ ಕೆಲಸಕ್ಕೆ ಕೈಹಾಕಿದಳು. ಕೈ ಇಲ್ಲಿತ್ತು, ಮನಸ್ಸು ಅಲ್ಲಿತ್ತು. ತಿಕ್ಕಿಯಾಯಿತು, ನೊರೆಯಾಯಿತು. ನೀರೆರೆಯುವಾಗ ಕೈ ತನ್ನಷ್ಟಕ್ಕೆ ತಾನೇ ಮೊದಲು ಬಲಹೆಗಲಿಗೆ, ಆಮೇಲೆ ಎಡಹೆಗಲಿಗೆ ಹೋಯಿತು. ಬಾಯಿ ತನ್ನಷ್ಟಕ್ಕೆ ತಾನೇ “ಗುಫ್ರಾನೆಕೆ ಯಾ ರಹ್ಮಾನ್” ಎಂದಿತು. ದಯಾಮಯನೇ, ನಿನ್ನ ಕ್ಷಮೆಯಿರಲಿ ಎಂಬ ಆ ಮಾತು ಹೇಳುವುದು ಸತ್ತವರ ಮೇಲೆ ನೀರು ಹಾಕುವಾಗ.

ನೆಸ್ರಿನ್ ಕಲ್ಲಿನಿಂದ ಎಗರಿ ಎದ್ದಳು.

“ಏನಂದ್ರಿ? ಈಗ ಏನಂದ್ರಿ ನೀವು? ನಾನಿನ್ನೂ ಸತ್ತಿಲ್ಲ!”

“ತೋಬಾ, ತೋಬಾ! ತಪ್ಪಾಯ್ತು ಮಗಳೇ, ಬಾಯಿ ಜಾರ್ತು…”

ಕೇಳಿಸಿಕೊಳ್ಳಲು ಅವಳಿರಲಿಲ್ಲ. ಟವೆಲು ಸುತ್ತಿಕೊಂಡು, ಕೂದಲಿನ ನೊರೆ ಸಮೇತ ಕೋಣೆಗೆ ಓಡಿದ್ದಳು. ಸ್ವಲ್ಪ ಹೊತ್ತಿಗೆ ತುಂಜಾಯ್ ಬಂದ.

“ಬಿಡ್ತೀನಿ ಅಂದಿದ್ರಿ ಅಕ್ಕಾ!”

“ಇನ್ಶಾಲ್ಲಾ ಅಂದಿದ್ದೆ ತುಂಜಾಯ್ ಸಾಹೇಬ್ರೇ. ದೇವರು ಮನಸ್ಸು ಮಾಡಿದ್ರೆ ಅಂತ. ಅವನು ಮನಸ್ಸು ಮಾಡಲಿಲ್ಲ, ನಾನೇನ್ ಮಾಡ್ಲಿ?”

“ತಮಾಷೆ ಬೇಡ. ಈಗ ನೀವು ಆ ಗುಡ್ಡ ಹತ್ತಿದ್ರೆ, ನಾಳೆ ಬೀಗದ ಕೈ ತಂದು ಕೊಟ್ಬಿಡಿ.”

ಹಾಜೆರಕ್ಕ ಹೊರಗೆ ಬಂದು ಬಿಸಿಲು ಎಷ್ಟು ಏರಿದೆಯೆಂದು ನೋಡಿದಳು. “ಜೆನ್ನೆತಜ್ಜಿ ಮಧ್ಯಾಹ್ನದ ತನಕ ಮಾತ್ರ ಕಾಯ್ತಾಳೆ. ನಿಮ್ಮ ನಾಳೇನ ನಾಳೆ ನೋಡೋಣ” ಎಂದಳು. ಚೀಲ ಹೆಗಲಿಗೇರಿಸಿ ಗುಡ್ಡ ಹತ್ತಿದಳು.

ಆ ರಾತ್ರಿ ಅವಳು ಬಹಳ ಅತ್ತಳಂತೆ. ಕೆಲಸ ಹೋಯಿತೆಂದಲ್ಲ. ಬದುಕಿರುವ ಹೆಣ್ಣಿನ ಮೇಲೆ ಸಾವಿನ ಮಾತು ಆಡಿದೆನಲ್ಲ, ಅವಳಿಗೆ ಏನಾದರೂ ಆದರೆ ದೇವರಿಗೆ ಏನು ಹೇಳಲಿ ಎಂದು.

ಮಾರನೆಯ ದಿನ ಬೀಗದ ಕೈ ಕೊಡಲೆಂದೇ ಬಂದಳು. ಆದರೆ ಕಲ್ಲನ್ನು ತಣ್ಣಗೆ ಬಿಟ್ಟು ಹೋಗುವುದು ಹೇಗೆ? ಒಲೆ ಹೊತ್ತಿಸೋಣವೆಂದು ಬಾಗಿಲಿಗೆ ಬಂದರೆ ಮೆಟ್ಟಿಲ ಮೇಲೆ ನೆಸ್ರಿನ್ ಶಾಲು ಹೊದ್ದು ಕೂತಿದ್ದಾಳೆ.

“ನಿನ್ನೆ ನಿಮ್ಮ ಮೇಲೆ ಕೂಗಾಡ್ಬಿಟ್ಟೆ ಅಕ್ಕಾ.”

“ಕೂಗ್ದೆ ಇರ್ತಾರಾ? ಜೀವ ಇರೋರೇ ಕೂಗೋದು. ಒಳಗೆ ಬಾ, ಗಾಳಿ ತಣ್ಣಗಿದೆ.”

“ಒಂದು ಮಾತು ಕೇಳ್ಬೇಕು.” ನೆಸ್ರಿನ್ ಏಳಲಿಲ್ಲ. “ಎರಡು ವರ್ಷ ಆಯ್ತು ಅಮ್ಮ ಹೋಗಿ. ಅಂಕಾರದಲ್ಲಿ ಹಿಮ ಬೀಳ್ತಿತ್ತು. ಒಳಗೆ ಅವಳಿಗೆ ನೀರು ಹಾಕ್ತಿದ್ರು, ನಾನು ಬಾಗಿಲಾಚೆ ನಿಂತಿದ್ದೆ. ನೀರಿನ ಸದ್ದು ಕೇಳ್ತಿತ್ತು, ನಿನ್ನೆ ನೀವಂದ್ರಲ್ಲ, ಆ ಮಾತು ಕೇಳ್ತಿತ್ತು. ಅಮ್ಮನಿಗೆ ಚಳಿ ಅಂದ್ರೆ ಆಗ್ತಿರಲಿಲ್ಲ ಅಕ್ಕಾ. ಜೂನ್ ತಿಂಗಳಲ್ಲೂ ಕಾಲುಚೀಲ ಹಾಕ್ಕೊಳ್ಳೋಳು. ಆ ನೀರು… ಬೆಚ್ಚಗಿತ್ತಾ? ಯಾರನ್ನ ಕೇಳ್ಲಿ ಇದನ್ನ? ಕೇಳಿದ್ರೆ ನಗ್ತಾರೆ.”

ಹಾಜೆರಕ್ಕ ನಗಲಿಲ್ಲ. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಲೆ ಹೊತ್ತಿಸಿ, ನೀರು ಕಾಯುವ ತನಕ ಪಕ್ಕದಲ್ಲಿ ಕೂತಳು. ಕಾದ ನೀರನ್ನು ಮೊಗೆದು ತನ್ನ ಮಣಿಕಟ್ಟಿಗೆ ಸುರಿದುಕೊಂಡಳು, ತಣ್ಣೀರು ಬೆರೆಸಿದಳು, ಮತ್ತೆ ಸುರಿದುಕೊಂಡಳು. ಆಮೇಲೆ ನೆಸ್ರಿನ್‌ಳ ತೋಳು ತಿರುಗಿಸಿ ಅವಳ ಮಣಿಕಟ್ಟಿನ ಮೇಲೆ ಸುರಿದಳು.

“ಸುಡುತ್ತಾ?”

“ಇಲ್ಲ.”

“ತಣ್ಣಗಿದೆಯಾ?”

“ಇಲ್ಲ.”

“ಇದೇ ಆ ನೀರು. ಅಂಕಾರ ಆಗ್ಲಿ, ನಮ್ಮೂರಾಗ್ಲಿ, ಈ ಕೆಲಸದೋರು ಮೊದಲು ಕಲಿಯೋದೇ ಇದನ್ನ. ನಿಮ್ಮಮ್ಮಂಗೆ ನೀರು ಹಾಕಿದ ಹೆಂಗಸು ಯಾರೋ ನಂಗೊತ್ತಿಲ್ಲ ಮಗಳೇ. ಅವಳ ಮಣಿಕಟ್ಟು ಗೊತ್ತು.”

ನೆಸ್ರಿನ್ ಕಲ್ಲಿನ ಅಂಚಿಗೆ ಹಣೆ ಒತ್ತಿ ಅತ್ತಳು. ಹಾಜೆರಕ್ಕ ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಅವಳೇ ಕಲ್ಲಿನ ಮೇಲೆ ಮಲಗಿ, “ನಿನ್ನೆ ಅರ್ಧಕ್ಕೇ ನಿಂತಿತ್ತಲ್ಲ, ಮುಗಿಸಿಬಿಡಿ” ಎಂದಳು. ಹಾಜೆರಕ್ಕ ತಿಕ್ಕುತ್ತಿದ್ದಂತೆಯೇ ಅವಳ ಉಸಿರು ಉದ್ದವಾಯಿತು.

ಹೆಂಡತಿಯನ್ನು ಹುಡುಕುತ್ತ ಫೆರಿದುನ್ ಹಮಾಮಿನ ಬಾಗಿಲಿಗೆ ಬಂದಾಗ, ಬೀಗದ ಕೈಗೆಂದು ತುಂಜಾಯ್ ಕೂಡ ಬಂದ. ಹಾಜೆರಕ್ಕ ಪರದೆಯಿಂದ ತಲೆ ಹೊರಹಾಕಿ ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ! ನಿದ್ದೆ ಹೋಗಿದಾಳೆ.”

“ನಿದ್ದೆಯಾ?” ಫೆರಿದುನ್ ಪೇಪರನ್ನು ಕಂಕುಳಲ್ಲಿ ಅಮುಕಿಕೊಂಡರು. “ನಿಜವಾಗ್ಲೂ?”

“ಗೊರಕೆ ಬೇಕಾದ್ರೆ ಕಿವಿ ಕೊಡಿ, ಡಾಕ್ಟ್ರೇ.”

ಅವರು ನಿಜವಾಗಿಯೂ ಪರದೆಗೆ ಕಿವಿ ಕೊಟ್ಟರು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ತುಂಜಾಯ್ ಕಡೆ ತಿರುಗಿ, “ಸಮುದ್ರಕ್ಕೆ, ಬಿಸಿಲಿಗೆ, ತಿಂಡಿಗೆ ಅಂತೆಲ್ಲ ದುಡ್ಡು ಕೊಟ್ಟೆ ತಮ್ಮಾ. ನಿದ್ದೆ ಇಲ್ಲಿರೋದು ಅಂತ ನೀನು ಮೊದಲೇ ಹೇಳ್ಬಾರದಿತ್ತಾ? ಇನ್ನೊಂದು ವಾರ ನಮ್ಮ ಕೋಣೆ ಹಾಗೇ ಇರ್ಲಿ” ಎಂದರು.

ತುಂಜಾಯ್ ಬೀಗದ ಕೈಗೆಂದು ಚಾಚಿದ ಕೈಯನ್ನು ಹಿಂದೆಗೆದು ತಲೆ ಕೆರೆದುಕೊಂಡ. “ಕೈ ವಿಷಯ ಹಾಗಿರ್ಲಿ ಅಕ್ಕಾ, ಆ ಬಾಯಿ ಒಂದನ್ನ ಹಿಡಿತದಲ್ಲಿಡಿ…”

“ಬಾಯಿಗೆ ಬೇರೆ ಹಾಡು ಕಲಿಸ್ತೀನಿ ತುಂಜಾಯ್ ಸಾಹೇಬ್ರೇ. ಮಾತು ಕೊಟ್ಟೆ.”

“ಇನ್ಶಾಲ್ಲಾ ಅನ್ಬೇಡಿ ಮತ್ತೆ!”

ಅಂದಿನಿಂದ ಸೆಲಾ ಕೇಳಿದ ದಿನ ಹಾಜೆರಕ್ಕ ಗೋರಂಟಿ ಹಾಡು ಹಾಡುತ್ತಾಳೆ. ಬಾಯಿಯಲ್ಲಿ ಮದುವೆ ಇದ್ದರೆ ಕೈ ದಾರಿ ತಪ್ಪುವುದಿಲ್ಲ ಎನ್ನುವುದು ಅವಳ ಲೆಕ್ಕ. ಮೈ ತಿಕ್ಕಿಸಿಕೊಳ್ಳುವವರಿಗೆ ಕಾರಣ ಗೊತ್ತಿಲ್ಲ. ಸ್ವರ ಸರಿಯಿಲ್ಲದಿದ್ದರೂ ತಾಳ ಹಾಕುತ್ತಾರೆ. ಯಾರಾದರೂ ನೇರವಾಗಿ ಕೇಳಿದರೆ ಅವಳು ಮುಚ್ಚಿಡುವುದಿಲ್ಲ. ಈ ಹಂಗಾಮಿನಲ್ಲಿ ಮೂವರು ಕೇಳಿದ್ದಾರೆ. ಒಬ್ಬಾಕೆ ಎದ್ದು ಹೋದಳು. ಇಬ್ಬರು ತಮ್ಮ ತಮ್ಮ ತಾಯಂದಿರ ಮಾತು ತೆಗೆದರು.

ಬಿಸಿಲೇರಿದೆ. ಜೋಡಿಗಳು ಒಂದೊಂದಾಗಿ ಎದ್ದು ಬಂದು, ಆಲಿವ್, ಚೀಸು, ಜೇನು ಹರಡಿಕೊಂಡು ಸಮುದ್ರದ ಎದುರು ಕೂತಿವೆ. ಯಾರೋ ಒಬ್ಬ ಗಂಡ ತನ್ನ ಹೆಂಡತಿಯ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಾನೆ. ಬೆಳಗಿನ ಬೆನ್ನುಗಳನ್ನು ಮುಗಿಸಿದ ಹಾಜೆರಕ್ಕ ಕೈಗವಸನ್ನು ಮೊಳೆಗೆ ತಗಲಿಸುತ್ತಾಳೆ. ಅದು ಬದುಕಿರುವವರದು. ಗುಡ್ಡದ ಮೇಲಿನ ಸಾವಿನ ಮನೆಗೆ ಒಯ್ಯುವ ಸಂಚಿಯಲ್ಲಿ ಹೊಸ ಬಿಳಿ ಬಟ್ಟೆ, ಸೋಪು, ಕರ್ಪೂರ. ತಲೆವಸ್ತ್ರ ಬದಲಾಯಿಸಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ಕೂರುತ್ತಾಳೆ. ಮೊಣಕಾಲು ಈಚೆಗೆ ಗುಡ್ಡ ಹತ್ತಲು ತಕರಾರು ಮಾಡುತ್ತದೆ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಮೊದಲು ನಗುತ್ತಾಳೆ.

“ಬದುಕಿರೋರ ಕೊಳೇನ ಕಣ್ಣೆದುರಿಗೆ ಹಿಡಿದು ತೋರಿಸ್ತೀನಿ, ಅವರೂ ನಗ್ತಾರೆ, ನಾನೂ ನಗ್ತೀನಿ. ಹೋದೋರ ಮೈಯಲ್ಲಿ ಏನು ಕಂಡ್ರೂ ಇವತ್ತಿನ ತನಕ ಈ ಬಾಯಿಂದ ಹೊರಗೆ ಬಂದಿಲ್ಲ. ಅದೊಂದು ಹೆಮ್ಮೆ ಇದೆ ನಂಗೆ. ಆಸೆ ಏನಪ್ಪಾ… ನನ್ನ ಸರದೀನೂ ಬರುತ್ತೆ. ಅವತ್ತು ಯಾರ ಕೈ ಇರುತ್ತೋ, ಆ ದೇವರಿಗೇ ಗೊತ್ತು. ಯಾರಾದ್ರೂ ಆಗ್ಲಿ, ಮೊದಲನೇ ಬಟ್ಟಲನ್ನ ತನ್ನ ಕೈ ಮೇಲೆ ಸುರ್ಕೊಂಡು ನೋಡ್ಲಿ. ಅಷ್ಟು ಸಾಕು.”