ಬೋವಾಗಳಿಗೆ ಕಟ್ಟಿದ ಮನೆ

ದುಬೈ ಊರಿನಿಂದ ಸ್ವಲ್ಪ ಹೊರಗೆ, ಕಟ್ಟಡಗಳು ಮುಗಿದು ಮರಳು ಶುರುವಾಗುವ ಕಡೆ ಒಂದು ಪ್ರಾಣಿ ಆರೈಕೆ ಕೇಂದ್ರವಿದೆ. ನಾನು ಅಲ್ಲಿಗೆ ಸೇರಿದ್ದು ನೆಲ ಒರೆಸುವವಳಾಗಿ. ಈಗ ಎಲ್ಲರೂ ನನ್ನನ್ನು ‘ಸಿಸ್ಟರ್’ ಎಂದು ಕರೆಯುತ್ತಾರೆ. ನರ್ಸಿಂಗ್ ಓದಿದವಳಲ್ಲ. ಉಡುಪಿ ಕಡೆಯ ಸರಕಾರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಮದುವೆಗೆ ಮುಂಚೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದೆ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು ಕೈಗೆ ಹತ್ತಿದ್ದು ಅಲ್ಲಿ. ಕೇಂದ್ರದ ಡಾಕ್ಟರು ಈಜಿಪ್ಟಿನವರು. ಒಂದು ದಿನ ಬೆಕ್ಕಿಗೆ ಡ್ರಿಪ್ ಹಾಕುವಾಗ ಹಿಡಿದುಕೊಳ್ಳಲು ಯಾರೂ ಇಲ್ಲದೆ ನನ್ನನ್ನು ಕರೆದರು. ಅದುವರೆಗೆ ಎಲ್ಲರನ್ನೂ ಪರಚಿದ್ದ ಆ ಬೆಕ್ಕು ನನ್ನ ಕೈಯಲ್ಲಿ ಸುಮ್ಮನೆ ಮಲಗಿತು. ಮರುವಾರದಿಂದ ನೆಲ ಒರೆಸಲು ಬೇರೆಯವರು ಬಂದರು.

ಹಾವುಗಳ ಕೋಣೆ ನನ್ನ ಪಾಲಿಗೆ ಬಂದದ್ದು ಬೇರೆ ಯಾರೂ ಒಪ್ಪದ್ದರಿಂದ. ಮೊದಮೊದಲು ನನಗೂ ಭಯವಿತ್ತು. ಆದರೆ ದಿನಾ ನೀರು ಬದಲಿಸುತ್ತಾ, ಒಂದು ನೋಟ್‌ಬುಕ್ಕಿನಲ್ಲಿ ಯಾವುದು ತಿಂದಿತು, ಯಾವುದು ಪೊರೆ ಬಿಟ್ಟಿತು ಎಂದು ಬರೆಯುತ್ತಾ ಭಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಡಾಕ್ಟರ ಕಪಾಟಿನಲ್ಲಿದ್ದ ಇಂಗ್ಲಿಷ್ ಪುಸ್ತಕಗಳನ್ನು ಫೋನಿನಲ್ಲಿ ಅರ್ಥ ಹುಡುಕುತ್ತಾ ಓದಿದೆ. ಒಂದು ಪುಟಕ್ಕೆ ಒಂದು ಊಟದ ಬಿಡುವು ಹಿಡಿಯುತ್ತಿತ್ತು.

ಆ ಎರಡು ಬೋವಾಗಳು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬೋವಾ ಎಂದರೆ ನಮ್ಮ ಹೆಬ್ಬಾವಿನ ದೂರದ ಸಂಬಂಧಿ. ವಿಷವಿಲ್ಲ, ಬೇಟೆಯನ್ನು ಸುತ್ತಿ ಹಿಡಿಯುವ ಜಾತಿ. ಇಂಥವನ್ನು ಇಲ್ಲಿ ಮನೆಗಳಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಅನುಮತಿ ಇರುವ ಜಾಗಗಳಲ್ಲಿ ಮಾತ್ರ ಇಡಬಹುದು. ಅಬುಧಾಬಿಯ ಒಂದು ವಿಲ್ಲಾದಲ್ಲಿ ಅವನ್ನು ಮರಿಯಿಂದ ಸಾಕಿದ್ದ ಕುಟುಂಬದವರು ದೇಶ ಬಿಟ್ಟು ಹೊರಡುವ ಮುಂಚೆ ತಾವಾಗಿಯೇ ತಂದೊಪ್ಪಿಸಿದರು. ಹೆಣ್ಣೊಂದು, ಗಂಡೊಂದು. ಎರಡೂ ಒಂದೇ ಗಾಜಿನ ತೊಟ್ಟಿಯಲ್ಲಿ. ತೊಟ್ಟಿಯ ಉದ್ದ ನಾಲ್ಕು ಅಡಿ.

“ತಂದಾಗ ಟೀ ಕಪ್ಪಿನೊಳಗೆ ಹಿಡಿಸುವಷ್ಟು ಇದ್ದವು,” ಎಂದರು ಆ ಮನೆಯ ಯಜಮಾನರು. ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಹೊರಡುವಾಗ ಅವರ ಕಣ್ಣು ಕೆಂಪಾಗಿತ್ತು. ಆದರೆ ಹಾವು ಬೆಳೆದ ಹಾಗೆ ಮನೆ ಬೆಳೆದಿರಲಿಲ್ಲ. ಹೆಣ್ಣಿನ ಮೂತಿ ಗಾಜಿಗೆ ಉಜ್ಜಿ ಉಜ್ಜಿ ಹಸಿಯಾಗಿತ್ತು. ಬೆಚ್ಚಗಿರಲೆಂದು ಒಳಗಿಟ್ಟಿದ್ದ ಕರೆಂಟಿನ ಬಿಸಿ ಕಲ್ಲಿನ ಮೇಲೆ ಮಲಗಿ ಹೊಟ್ಟೆಯಡಿ ಅಂಗೈಯಗಲ ಸುಟ್ಟ ಗುರುತು. ಗಂಡಿನ ಮೈಮೇಲೆ ಹಳೆಯ ಪೊರೆ ಚೂರುಚೂರಾಗಿ ಒಣಗಿ ಅಂಟಿತ್ತು.

ಡಾಕ್ಟರು ಗಾಯಕ್ಕೆ ಮುಲಾಮು ಬರೆದರು. ಆಮೇಲೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಅಂಗಡಿಯಲ್ಲಿ ಸಿದ್ಧವಿರುವ ದೊಡ್ಡ ಗಾಜಿನ ತೊಟ್ಟಿ. “ಇದು ಐದು ಅಡಿ ಇದೆ ಸಿಸ್ಟರ್. ನಾಳೆಯೇ ಬರುತ್ತದೆ. ಖಲಾಸ್.”

ನಾನು ಅವರಿಗೆ ಎದುರು ಮಾತಾಡಿದವಳಲ್ಲ. ಆ ದಿನ ಮಾತಾಡಿದೆ. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: “ಬೇಡ ಸರ್. ಇಲ್ಲಿ ಹಗಲೂ ರಾತ್ರಿ ಏಸಿ. ಗಾಜು ತಣ್ಣಗಾಗುತ್ತದೆ, ಶಾಖ ಮೇಲಿನ ಜಾಲರಿಯಿಂದ ಹಾರಿಹೋಗುತ್ತದೆ, ಒಳಗಿನ ಗಾಳಿ ಒಣಗುತ್ತದೆ. ನಾಲ್ಕು ಕಡೆಯಿಂದಲೂ ಜನ ಕಾಣುತ್ತಾರೆ, ಅವು ಅಡಗುವುದೆಲ್ಲಿ? ಎರಡನ್ನೂ ಒಟ್ಟಿಗೆ ಇಡಲೂಬಾರದು. ಮರದ ಕಪಾಟಿನ ಹಾಗೆ ಬೇಕು, ಮುಂದೆ ಮಾತ್ರ ಗಾಜು.”

“ಅಂಥದ್ದನ್ನು ಇಲ್ಲಿ ಯಾರು ಮಾಡುತ್ತಾರೆ?”

“ನನ್ನ ಗಂಡ,” ಎಂದೆ.

ಆದರೆ ಗಂಡನನ್ನು ನಾನು ಕೇಳಿರಲೇ ಇಲ್ಲ.

ಅವರು ಅಲ್ ಕೂಝ್‌ನ ಒಂದು ಮರಗೆಲಸದ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಇಲ್ಲಿನ ಎಷ್ಟೋ ಹೋಟೆಲ್ ಕೋಣೆಗಳ ಕಪಾಟುಗಳು ಅವರ ಕೈಯಿಂದ ಹೋದವು. ಸದ್ದಿಲ್ಲದೆ ಮುಚ್ಚುವ ಬಾಗಿಲು ಅವರ ಹೆಮ್ಮೆ. ಆದರೆ ಅವರ ಮನೆತನದವರು ನಾಗನ ಕಲ್ಲಿಗೆ ವರ್ಷವರ್ಷ ತಂಬಿಲದ ಪೂಜೆ ಕೊಡುವವರು. ಹಾವನ್ನು ‘ಹಾವು’ ಎಂದೂ ಬಾಯಿ ತುಂಬಾ ಹೇಳುವುದಿಲ್ಲ, ‘ಅದು’ ಎನ್ನುತ್ತಾರೆ. ನಾನು ಹಾವಿನ ಕೋಣೆಯಲ್ಲಿ ಕೆಲಸ ಮಾಡುತ್ತೇನೆಂದು ಗೊತ್ತಾದ ದಿನದಿಂದ ಮನೆಗೆ ಬಂದ ಕೂಡಲೇ ನಾನು ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡಬೇಕು ಎಂಬ ಕರಾರು.

ಮರುದಿನ ಗಾಯಕ್ಕೆ ಕಟ್ಟುವ ಬಟ್ಟೆ ಪಟ್ಟಿಯ ಒಂದು ಸುರುಳಿ ತೆಗೆದುಕೊಂಡು, ಹೆಣ್ಣು ಬೋವಾ ನೆಲದ ಮೇಲೆ ನಿಧಾನ ಹರಿಯುವಾಗ ಅದರ ಬೆನ್ನಿನುದ್ದಕ್ಕೂ ಹಿಡಿದು, ಬಾಲದ ತುದಿಯಲ್ಲಿ ಕತ್ತರಿಸಿದೆ. ಆ ಪಟ್ಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದು, ಸ್ನಾನ ಮುಗಿಸಿ, ಹಾಲಿನ ನೆಲದ ಮೇಲೆ ಹಾಸಿದೆ. ಸೋಫಾದ ಬುಡದಿಂದ ಅಡುಗೆಮನೆಯ ಹೊಸ್ತಿಲವರೆಗೆ ಬಂತು. ಏಳೂವರೆ ಅಡಿ.

ಗಂಡ ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತರು. “ಇದೆಂಥದು ಮಾರಾಯ್ತಿ?”

“ಒಬ್ಬಳ ಉದ್ದ,” ಎಂದೆ. ಪಕ್ಕದಲ್ಲಿ ಎರಡು ಸ್ಟೀಲ್ ಲೋಟ ನಾಲ್ಕು ಅಡಿ ಅಂತರಕ್ಕೆ ಇಟ್ಟೆ. “ಇದು ಅವಳ ಮನೆ. ಅದರಲ್ಲಿ ಮತ್ತೊಬ್ಬನೂ ಇದ್ದಾನೆ. ಎಷ್ಟೋ ವರ್ಷ ಅವಳು ಮೈ ನೆಟ್ಟಗೆ ಮಾಡಲೇ ಇಲ್ಲ. ನೀವೊಂದು ಮನೆ ಕಟ್ಟಿಕೊಡಬೇಕು.”

ಅವರು ಪಟ್ಟಿಯನ್ನು ತುಳಿಯಲಿಲ್ಲ. ಕಾಲೆತ್ತಿ ದಾಟಿ ಒಳಗೆ ಬಂದು ಸೋಫಾದಲ್ಲಿ ಕೂತರು. ಆಮೇಲೆ ಊರಿಗೆ ಫೋನ್ ಮಾಡಿ ತಾಯಿಯನ್ನು ಕೇಳಿದರು. ಅತ್ತೆಯ ದನಿ ಸ್ಪೀಕರಿನಲ್ಲಿ ನನಗೂ ಕೇಳಿತು.

“ಮನೆ ಕಟ್ಟಿ ಕೊಡುವುದರಲ್ಲಿ ದೋಷ ಎಂಥದು ಮಗಾ? ಮಾಡು. ಆದರೆ ಮುಟ್ಟುವುದು ಬೇಡ. ಮುಟ್ಟುವುದು ಅವಳು ಮುಟ್ಟಲಿ, ಅವಳಿಗೆ ಅಭ್ಯಾಸ ಉಂಟಲ್ಲ.”

ಫೋನ್ ಇಟ್ಟ ಕೂಡಲೇ ಗಂಡ ಪೆನ್ಸಿಲ್ ಹುಡುಕಿದರು.

ಆ ವಾರವೆಲ್ಲ ನಮ್ಮ ಊಟದ ಮೇಜಿನ ಮೇಲೆ ಕಾಗದವೇ. ನಾನು ಹೇಳುವುದು, ಅವರು ಬರೆಯುವುದು. ಅವಳಿಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅವನು ಚಿಕ್ಕವನು, ಐದೂವರೆ ಅಡಿ, ಅವನಿಗೆ ಆರು ಅಡಿಯದು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು, ಎರಡೂ ಕಡೆ ಮೈ ಮುದುಡಿ ಅಡಗಲು ಒಂದೊಂದು ಗೂಡು. ಶಾಖ ನೆಲದಿಂದ ಬರಬಾರದು, ಮೇಲಿನ ಹಲಗೆಯಿಂದ ಬರಬೇಕು, ಅದಕ್ಕೊಂದು ಜಾಲರಿ, ಮಿತಿ ಮೀರದಂತೆ ಥರ್ಮೋಸ್ಟಾಟ್. ಇಡೀ ಮೈ ಮುಳುಗುವಷ್ಟು ಅಗಲದ ನೀರಿನ ಟಬ್ಬು. ನೆಲಕ್ಕೆ ತೆಂಗಿನ ನಾರಿನ ಹುಡಿ ದಪ್ಪಗೆ ಹಾಸಬೇಕು, ಅದು ತೇವ ಹಿಡಿದಿಡುತ್ತದೆ.

“ಗಾಳಿ ಕಿಂಡಿ ಎಲ್ಲಿ?” ಎಂದು ಕೇಳಿದರು.

“ಮೇಲೆ ಬೇಡ. ಒಂದು ಬದಿಯಲ್ಲಿ ಕೆಳಗೆ, ಇನ್ನೊಂದು ಬದಿಯಲ್ಲಿ ಸ್ವಲ್ಪ ಮೇಲೆ. ಗಾಳಿ ಆಡಬೇಕು, ತೇವ ಓಡಬಾರದು.”

“ಕೊಂಬೆ?”

“ನಿಮ್ಮ ಕೈ ದಪ್ಪಕ್ಕೆ. ಒಬ್ಬ ಮನುಷ್ಯ ಜೋತುಬಿದ್ದರೂ ಜಗ್ಗಬಾರದು.”

ಅವರು ತಲೆ ಎತ್ತಿ ನನ್ನನ್ನು ನೋಡಿದರು. “ನಮ್ಮ ಇಂಜಿನಿಯರುಗಳು ಇಷ್ಟು ಸರಿಯಾಗಿ ಹೇಳುವುದಿಲ್ಲ ಮಾರಾಯ್ತಿ,” ಎಂದರು. ಹದಿನಾರು ವರ್ಷದ ಸಂಸಾರದಲ್ಲಿ ನನ್ನ ಕೆಲಸದ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು. ನಾನು ಎದ್ದು ಹೋಗಿ ಚಾ ಇಟ್ಟೆ.

ವರ್ಕ್‌ಶಾಪಿನ ಮಾಲೀಕರ ಒಪ್ಪಿಗೆ ಪಡೆದು ಹಲಗೆಗಳನ್ನು ಅಲ್ಲೇ ಕೊಯ್ದರು. ಆದರೆ ಹಾವಿನ ಕೋಣೆಯ ಬಾಗಿಲು ಮೂರೇ ಅಡಿ ಅಗಲ. ಕಪಾಟನ್ನು ಅಲ್ಲೇ ಒಳಗೆ ಜೋಡಿಸಬೇಕಿತ್ತು. ಎರಡು ಭಾನುವಾರ ಗಂಡ ಬಂದು ಕೋಣೆಯ ಒಂದು ಗೋಡೆಗೆ ಮುಖ ಮಾಡಿಕೊಂಡೇ ಕೆಲಸ ಮಾಡಿದರು. ಹಿಂದಿನ ಗೋಡೆಗೆ ಬೋವಾಗಳ ತೊಟ್ಟಿ. “ಅದು ಏನು ಮಾಡುತ್ತಾ ಉಂಟು?” ಎಂದು ತಿರುಗದೆಯೇ ಆಗಾಗ ಕೇಳುವರು. “ಮಲಗಿದೆ,” ಎನ್ನುವೆ. ನಿಜವಾಗಿ ಹೆಣ್ಣು ತಲೆ ಎತ್ತಿ ಅವರ ಕೈಯ ಡ್ರಿಲ್ಲನ್ನೇ ನೋಡುತ್ತಿತ್ತು.

ಒಳಗೆಲ್ಲ ನೀರು ಹಿಡಿಯದಂತೆ ಬಣ್ಣ ಬಳಿದ ಮೇಲೆ ಡಾಕ್ಟರಿಗೆ ಅವಸರ. “ಯಲ್ಲಾ, ನಡೆಯಿರಿ ಸಿಸ್ಟರ್, ಒಳಗೆ ಬಿಡೋಣ.” ನಾನು ಬಾಗಿಲು ತೆರೆದು ಮೂಗು ಒಳಗಿಟ್ಟು ಮೂಸಿದೆ. ವಾಸನೆಯಿತ್ತು. “ಇನ್ನೂ ಹತ್ತು ದಿನ,” ಎಂದೆ. ಅವರು ಕೈ ಚೆಲ್ಲಿದರು. ಆದರೆ ಕಾದರು. ನಾನು ದಿನಾ ಫ್ಯಾನ್ ಇಟ್ಟು, ದಿನಾ ಮೂಸಿ, ಶಾಖವನ್ನು ಎರಡು ತುದಿಗಳಲ್ಲಿ ಅಳೆದು ಬರೆದೆ. ಹನ್ನೊಂದನೆಯ ದಿನ ಮೊದಲು ಗಂಡು ಬೋವಾವನ್ನು ಅದರ ಕಪಾಟಿಗೆ ಬಿಟ್ಟು, ಹೆಣ್ಣನ್ನು ಎರಡೂ ಕೈಯಲ್ಲಿ ಎತ್ತಿ ಹೊಸ ಮನೆಗೆ ಬಿಟ್ಟೆ.

ಅವಳು ಒಂದು ಮೂಲೆಯಿಂದ ಹೊರಟಳು. ನಾಲಗೆ ಚಾಚುತ್ತಾ, ಗೋಡೆ ತಡವುತ್ತಾ, ಇನ್ನೊಂದು ಮೂಲೆವರೆಗೆ ಹೋದಳು. ನಡುವೆ ಒಂದು ಕ್ಷಣ ಅವಳ ಮೈ ತಲೆಯಿಂದ ಬಾಲದವರೆಗೆ ನೆಟ್ಟಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಾಲ್ಕನೆಯ ಬೆಳಿಗ್ಗೆ ಬಂದು ನೋಡಿದರೆ ಮುಂದಿನ ಗಾಜು ನಾಲ್ಕು ಬೆರಳು ಸರಿದಿದೆ, ಮನೆ ಖಾಲಿ. ಕೋಣೆಯ ಹೊರಬಾಗಿಲು ಮುಚ್ಚಿತ್ತು, ಅದೊಂದು ಪುಣ್ಯ. ಒಂದು ಗಂಟೆ ಹುಡುಕಿದೆ. ಕೊನೆಗೆ ಟವೆಲ್ ಇಡುವ ಕಪಾಟಿನ ಮೇಲಿನ ಖಾನೆಯಲ್ಲಿ, ಒಗೆದು ಮಡಿಸಿಟ್ಟ ಟವೆಲುಗಳ ನಡುವೆ ಸುರುಳಿ ಸುತ್ತಿ ಮಲಗಿದ್ದಳು. ಎತ್ತಿಕೊಂಡೆ. ನನ್ನ ತೋಳಿಗೆ ಸುತ್ತಿಕೊಂಡಳು, ಅಷ್ಟೆ. ಮೈ ಪೂರ್ತಿ ನೋಡಿದೆ, ಗಾಯವಿರಲಿಲ್ಲ.

ಗಂಡನಿಗೆ ಫೋನ್ ಮಾಡಿ ಹೇಳಿದೆ.

“ನಾನು ಮಾಡಿದ ಬಾಗಿಲನ್ನು ಇದುವರೆಗೆ ಯಾರೂ ಒಳಗಿನಿಂದ ತೆರೆದದ್ದಿಲ್ಲ,” ಎಂದರು. ಹೋಟೆಲ್ ಕಪಾಟಿಗೆ ಹಾಕುವ ನುಣುಪಾದ ಜಾರುಪಟ್ಟಿಯನ್ನೇ ಇದಕ್ಕೂ ಹಾಕಿದ್ದರು. ಬೆರಳು ತಾಗಿಸಿದರೆ ಸರಿಯುವಂಥದ್ದು. ಅಲ್ಲಿ ಅದು ಗುಣ, ಇಲ್ಲಿ ಅದೇ ತಪ್ಪು. ನಾನೂ ಬೀಗ ಎಂದು ಬರೆಸಿರಲಿಲ್ಲ. ತಪ್ಪು ಇಬ್ಬರದೂ ಎಂದೆ. ಅವರು ಒಪ್ಪಲಿಲ್ಲ. “ಬಾಗಿಲು ನನ್ನದು,” ಎಂದರು.

ಅದೇ ದಿನ ಮಧ್ಯಾಹ್ನ ರಜೆ ಹಾಕಿ ಬಂದರು. ಜಾರುಪಟ್ಟಿ ಕಿತ್ತು ಬಿಗಿಯಾದದ್ದನ್ನು ಕೂರಿಸಿದರು. ಎರಡು ಗಾಜುಗಳ ನಡುವೆ ಕೀಲಿಯ ಬೀಗ ಹಾಕಿದರು. ಅದಲ್ಲದೆ ಕೆಳಗೊಂದು ಮರದ ಅಡ್ಡಪಟ್ಟಿ. ಆಮೇಲೆ, ನಾನು ಕೇಳದೆಯೇ, ಗಾಜಿಗೆ ಅಂಗೈ ಒತ್ತಿ ಪಕ್ಕಕ್ಕೆ ತಳ್ಳಿ ಪರೀಕ್ಷಿಸಿದರು. ಗಾಜಿನ ಆ ಕಡೆ, ಅವರ ಕೈಯಿಂದ ಒಂದು ಗೇಣು ದೂರದಲ್ಲಿ ಅವಳ ತಲೆಯಿತ್ತು. ಅವರು ಕೈ ತೆಗೆಯಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಗಂಡನ ಮೇಲೆ ನನಗಾದ ಅಭಿಮಾನವನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ.

ಎರಡು ತಿಂಗಳಲ್ಲಿ ಹೊಟ್ಟೆಯ ಗಾಯ ಒಣಗಿತು. ಮೂತಿಯ ಮೇಲೆ ಹೊಸ ಹುರುಪೆ ಮೂಡಿತು. ಒಂದು ದಿನ ಗಂಡು ಬೋವಾದ ಕಣ್ಣು ಹಾಲುಬಣ್ಣಕ್ಕೆ ತಿರುಗಿತು, ಪೊರೆ ಬಿಡುವ ಮುಂಚೆ ಹಾಗಾಗುತ್ತದೆ. ನಾನು ನಾರಿನ ಹುಡಿಗೆ ಸ್ವಲ್ಪ ಹೆಚ್ಚು ನೀರು ಚಿಮುಕಿಸಿ ಕಾದೆ. ಕೆಲವು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಕೊಂಬೆಗೆ ಸುತ್ತಿ ಇಳಿಬಿದ್ದಿತ್ತು ಪೊರೆ. ಕಣ್ಣಿನ ಮೇಲಿನ ಎರಡು ಪುಟ್ಟ ಗುಂಡಗಿನ ಚಿಪ್ಪಿನಿಂದ ಬಾಲದ ಮೊನೆಯವರೆಗೆ ಒಂದೇ ತುಂಡು, ಎಲ್ಲೂ ಹರಿದಿರಲಿಲ್ಲ. ಮೊದಲು ಪೊರೆ ಚೂರುಚೂರಾಗಿ ಕಿತ್ತುಬರುತ್ತಿದ್ದ ಮೈ ಅದು. ನಾನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಕೋಣೆಗೆ ಓಡಿದೆ. ಅಲ್ಲಿ ಯಾರೋ ನಾಯಿ ತಂದವರು ಕೂತಿದ್ದರು. ಡಾಕ್ಟರು ಅವರ ಮುಂದೆಯೇ ಎದ್ದು ನಿಂತು, “ನೋಡಿ, ಇದು ನಮ್ಮ ಸಿಸ್ಟರ್ ಕೆಲಸ,” ಎಂದರು. ನಾಯಿಯವರಿಗೆ ಏನೂ ಅರ್ಥವಾಗಲಿಲ್ಲ. ಚಪ್ಪಾಳೆ ತಟ್ಟಿದರು.

ಹೋದ ಚಳಿಗಾಲದಲ್ಲಿ ಅಬುಧಾಬಿಯಲ್ಲಿ ಹೊಸದಾಗಿ ಶುರುವಾಗುತ್ತಿದ್ದ ಒಂದು ಪ್ರಾಣಿಧಾಮದಿಂದ ಮೂವರು ಬಂದು ನಮ್ಮ ಎರಡು ಕಪಾಟುಗಳ ಫೋಟೊ ತೆಗೆದುಕೊಂಡರು. ತಮಗೂ ನಾಲ್ಕು ಬೇಕು, ಮಾಡುವವರೂ ಹೇಳುವವರೂ ಒಮ್ಮೆ ಬಂದು ಜಾಗ ನೋಡಬೇಕು ಎಂದರು. ಒಂದು ಬೆಳಿಗ್ಗೆ ಅವರದೇ ಗಾಡಿಯಲ್ಲಿ ನಾವಿಬ್ಬರೂ ಹೊರಟೆವು. ಗಂಡ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ನಾನು ಕೇಂದ್ರದ ನೀಲಿ ಸಮವಸ್ತ್ರವನ್ನೇ ಹಾಕಿಕೊಂಡೆ.

ಖಾಲಿ ಕೋಣೆಯಲ್ಲಿ ಅಲ್ಲಿನ ಮ್ಯಾನೇಜರ್ ಹೆಂಗಸು ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿ, ನೋಟ್‌ಬುಕ್ ತೆರೆದು, “ಹೇಳಿ, ಎಲ್ಲಿಂದ ಶುರು ಮಾಡಬೇಕು?” ಎಂದು ನನ್ನ ಗಂಡನನ್ನು ಕೇಳಿದರು. ಅವರು ಅಳತೆಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

“ಅವಳನ್ನು ಕೇಳಿ ಮೇಡಂ,” ಎಂದರು. “ಒಳಗೆ ಇರುವವರಿಗೆ ಎಂಥದು ಬೇಕು ಅಂತ ಗೊತ್ತಿರುವುದು ಅವಳಿಗೆ.”

ಆ ಹೆಂಗಸು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು ಪೆನ್ನು ಹಿಡಿದರು. ನಾನು ಸೆರಗಿಲ್ಲದ ಸಮವಸ್ತ್ರವನ್ನು ಅಭ್ಯಾಸಬಲದಿಂದ ಸರಿಮಾಡಿಕೊಂಡು, “ಮೊದಲು ಅವುಗಳ ಉದ್ದ ಹೇಳಿ,” ಎಂದೆ. ಆ ದಿನ ನಾನು ಒಂದೂವರೆ ಗಂಟೆ ಮಾತಾಡಿದೆ.